ಹೋಗುವ ಮೇಲ್ ಹೋಯ್ತು, ಬರುವ ಮೇಲ್ ಬರಲಿಲ್ಲ

ಶಿರಸಿಯ ಒಂದು ಅಡಿಕೆ ವಖಾರಿಗೆ ಸ್ವಂತ ಮೇಲ್ ಸರ್ವರ್ ಮಾಡಿಕೊಡ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಯಜಮಾನರ ಅಳಿಯ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. "ಈ ಕಾಲದಲ್ಲಿ ಪೋರ್ಟ್ 25, ಅಂದರೆ ಮೇಲ್ ಸರ್ವರ್‌ಗಳ ಬಾಗಿಲು, ಯಾರು ಮುಟ್ತಾರೆ? ನೀವು ಕಳಿಸಿದ್ದೆಲ್ಲ ಸ್ಪ್ಯಾಮ್‌ಗೇ ಹೋಗೋದು" ಅಂದರು. ಈಗ 14 ತಿಂಗಳಾಯ್ತು, ಸರ್ವರ್ ಓಡ್ತಾ ಇದೆ. ಅದಕ್ಕೇ ಬರೀತಾ ಇದ್ದೇನೆ.

ಮೊದಲು ದುಡ್ಡಿನ ಮಾತು. ಅವರಲ್ಲಿ 43 ಮೇಲ್ ಐಡಿ ಇದ್ದವು. ತಲೆಗೆ ತಿಂಗಳಿಗೆ 130 ರೂಪಾಯಿ ಆಸುಪಾಸು, ಜಿಎಸ್‌ಟಿ ಸೇರಿ ವರ್ಷಕ್ಕೆ 80,000ದ ಹತ್ತಿರ ಕಟ್ಟುತ್ತಿದ್ದರು. ಅದರಲ್ಲಿ 25 ಜನಕ್ಕೆ ದಿನದ ದರದ ಪಟ್ಟಿ, ಲಾರಿ ರಸೀದಿ ಬಿಟ್ಟು ಬೇರೇನೂ ಬರುವುದಿಲ್ಲ. ನಾನು ಮೂಲೆಯಲ್ಲಿ ಬಿದ್ದಿದ್ದ ಒಂದು ಡೆಸ್ಕ್‌ಟಾಪ್ ಎತ್ತಿಕೊಂಡೆ. ಎರಡು ಎಸ್‌ಎಸ್‌ಡಿಗೆ 9,000, ಯುಪಿಎಸ್ ಬ್ಯಾಟರಿಗೆ 5,500 ಇರಬೇಕು. ವಿಪಿಎಸ್, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಪಡೆದ ಸರ್ವರ್, ತಿಂಗಳಿಗೆ 550.

ಮೊದಲ ವಿಪಿಎಸ್‌ನಲ್ಲಿ ಕೈ ಸುಟ್ಟುಕೊಂಡೆ. ಕಡಿಮೆ ಬೀಳುತ್ತೆ ಅಂತ ವರ್ಷದ ದುಡ್ಡು ಒಟ್ಟಿಗೇ ಕಟ್ಟಿದೆ, ಸುಮಾರು 4,800. ಆಮೇಲೆ ನೋಡಿದರೆ ಅವರು ಕೊಟ್ಟ ಐಪಿ (ಇಂಟರ್ನೆಟ್ ವಿಳಾಸ) ಸ್ಪ್ಯಾಮ್ ಕಳಿಸುವವರ ಎರಡು ಬ್ಲಾಕ್‌ಲಿಸ್ಟ್‌ನಲ್ಲಿತ್ತು. ಬದಲಿಸಿ ಅಂದರೆ ಬದಲಿಸಲಿಲ್ಲ. ಆ ದುಡ್ಡು ನನ್ನ ಕೈಯಿಂದಲೇ ಹೋಯ್ತು. ಈಗ ಯಾವ ಐಪಿ ಕೊಟ್ಟರೂ ಮೊದಲು ಅದರ ಜಾತಕ ನೋಡುತ್ತೇನೆ, ದುಡ್ಡು ಕಟ್ಟೋದು ಆಮೇಲೆ.

ವಿಪಿಎಸ್‌ನಲ್ಲಿ ಒಂದು ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ಪ್ರೋಗ್ರಾಂ), ಹೊರಗಿನವರಿಗೆ ಕಾಣೋದು ಅದು. ಆಫೀಸಿನ ಪೆಟ್ಟಿಗೆಯಲ್ಲಿ, ಅಂದರೆ ಆ ಡೆಸ್ಕ್‌ಟಾಪ್‌ನಲ್ಲಿ, ಇನ್ನೊಂದು ಪೋಸ್ಟ್‌ಫಿಕ್ಸ್, ಜೊತೆಗೆ ಮೇಲ್ ಡಬ್ಬಿ ನೋಡಿಕೊಳ್ಳುವ ಡವ್‌ಕಾಟ್. ನಡುವೆ ವೈರ್‌ಗಾರ್ಡ್, ಎರಡನ್ನೂ ಸೇರಿಸುವ ಗುಪ್ತ ಸುರಂಗ (ಟನಲ್). ಎರಡೂ ಕಡೆ ಅಲ್ಮಾಲಿನಕ್ಸ್ 9 ಅನ್ನುವ ಲಿನಕ್ಸ್. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್, ರಿವರ್ಸ್ ಡಿಎನ್‌ಎಸ್ ಎಲ್ಲ ಹಾಕಿದೆ, ಮೇಲ್ ನಿಜಕ್ಕೂ ನಮ್ಮದೇ ಅಂತ ತೋರಿಸೋದು ಇವು. ಹೊಸ ಐಪಿಯನ್ನು ಯಾರೂ ಕೂಡಲೇ ನಂಬೋದಿಲ್ಲ, ಅದಕ್ಕೇ ಅದರಿಂದ ಮೊದಲ ಮೂರು ವಾರ ದಿನಕ್ಕೆ 20-30 ಮೇಲ್‌ಗಿಂತ ಹೆಚ್ಚು ಬಿಡಲಿಲ್ಲ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಅನ್ನೋದರಲ್ಲಿ ಒಂದು ಗುಟ್ಟಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬೇಡ.

ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಲೇಬಲ್ ನೋಡಿ ಕಾಯುವ ಲಿನಕ್ಸ್ ಕಾವಲು) ಆಫ್ ಮಾಡಿಲ್ಲ, ಮಾಡೋದೂ ಇಲ್ಲ. ಮೇಲ್ ಡಬ್ಬಿಗಳನ್ನು ಹೊಸ ಡಿಸ್ಕಿಗೆ ಹಾಕಿದ ದಿನ ಡವ್‌ಕಾಟ್ "ಪರ್ಮಿಷನ್ ಡಿನೈಡ್" ಅಂತ ಕೂತುಬಿಟ್ಟಿತು. ಫೋಲ್ಡರಿನ ಓನರ್ ಸರಿ, ಅನುಮತಿ 700 ಅದೂ ಸರಿ. ಎಲ್‌ಎಸ್‌ಗೆ ದೊಡ್ಡ ಝಡ್ ಹಾಕಿ ನೋಡಿದರೆ ಲೇಬಲ್ ಡೀಫಾಲ್ಟ್-ಟಿ, ಮೇಲ್‌ನ ಲೇಬಲ್ ಅಲ್ಲ. ಸೆಮ್ಯಾನೇಜ್‌ನಲ್ಲಿ ಆ ದಾರಿಗೆ ಮೇಲ್-ಸ್ಪೂಲ್-ಟಿ ಬರೆದು ರಿಸ್ಟೋರ್‌ಕಾನ್ ಓಡಿಸಿದೆ. ನಾಲ್ಕು ನಿಮಿಷದ ಕೆಲಸ. ಇಷ್ಟಕ್ಕೆ ಸೆಟ್‌ಎನ್‌ಫೋರ್ಸ್ 0 ಹೊಡೆದು ಕಾವಲನ್ನೇ ಇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಆದರೆ ನಾನೂ ಒಂದು ದಡ್ಡತನ ಮಾಡಿದೆ. ಕರ್ನಲ್ (ಲಿನಕ್ಸಿನ ತಿರುಳು) ಭದ್ರತೆಗೆ ಅಂತ ಎಲ್ಲೋ ಸಿಕ್ಕಿದ 60 ಸಾಲಿನ ಹಾರ್ಡನಿಂಗ್ (ಬಿಗಿ ಮಾಡುವ) ಪಟ್ಟಿಯನ್ನು ಹಾಗೇ ಎತ್ತಿ ಹಾಕಿದೆ. ಸಿಸ್‌ಕಂಟ್ರೋಲ್ (ಕರ್ನಲ್ ಸೆಟ್ಟಿಂಗ್) ಸಾಲುಗಳು ಎರಡೂ ಕಡೆ, ಫೈರ್‌ವಾಲ್ ಸಾಲುಗಳು ವಿಪಿಎಸ್‌ನಲ್ಲಿ ಮಾತ್ರ. ಅವತ್ತು ಏನೂ ಆಗಲಿಲ್ಲ. ಆರು ವಾರ ಬಿಟ್ಟು, ಒಂದು ಶನಿವಾರ ರಾತ್ರಿ ಕರ್ನಲ್ ಅಪ್‌ಡೇಟ್ ಮಾಡಿ ಆಫೀಸಿನ ಪೆಟ್ಟಿಗೆ ರೀಬೂಟ್ ಮಾಡಿದಾಗ ಎಲ್ಲ ಒಟ್ಟಿಗೇ ಬಂತು.

ಮೊದಲು ವೈರ್‌ಗಾರ್ಡ್ ಏಳಲೇ ಇಲ್ಲ. "ಆಪರೇಷನ್ ನಾಟ್ ಸಪೋರ್ಟೆಡ್". ಹೊಸ ಕರ್ನಲ್‌ನಲ್ಲೇ ಏನೋ ಕೆಟ್ಟಿದೆ ಅಂದುಕೊಂಡು ಗ್ರಬ್‌ನಲ್ಲಿ (ಬೂಟ್ ಮೆನು) ಹಳೇದಕ್ಕೆ ಹೋದೆ. ಅಲ್ಲೂ ಅದೇ. ಪಟ್ಟಿಯಲ್ಲಿ ಮಾಡ್ಯೂಲ್ಸ್-ಡಿಸೇಬಲ್ಡ್ 1 ಅಂತ ಒಂದು ಸಾಲಿತ್ತು. ಬೂಟ್ ಆಗುವಾಗಲೇ ಆ ಬಾಗಿಲು ಮುಚ್ಚಿಬಿಟ್ಟರೆ ಆಮೇಲೆ ಯಾವ ಮಾಡ್ಯೂಲೂ (ಬೇಕಾದಾಗ ಕರ್ನಲ್‌ಗೆ ಸೇರುವ ತುಂಡು, ವೈರ್‌ಗಾರ್ಡ್ ಕೂಡ ಅಂಥದ್ದೇ) ಒಳಗೆ ಬರೋದಿಲ್ಲ, ಮತ್ತೆ ತೆಗೆಯಬೇಕಂದರೆ ರೀಬೂಟೇ ಗತಿ. ಈಗ ಟನಲ್, ಫೈರ್‌ವಾಲ್ ಎಲ್ಲ ಎದ್ದ ಮೇಲೆ ಕೊನೆಗೆ ಅದನ್ನು ಹಾಕುವ ಒಂದು ಸಣ್ಣ ಸರ್ವಿಸ್ ಬರೆದಿದ್ದೇನೆ. ಅದರಲ್ಲೂ ಒಂದು ತಮಾಷೆ ಆಯ್ತು. ಅಕೌಂಟ್ಸ್ ಮೇಡಂ ತಿಂಗಳ ಬ್ಯಾಕಪ್‌ಗೆ ಪೆನ್‌ಡ್ರೈವ್ ಚುಚ್ಚಿದರು, ಕಾಣಲಿಲ್ಲ. ಇನ್ನೊಂದು ತಂದರು, ಅದೂ ಇಲ್ಲ. ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲನ್ನು ಮೊದಲೇ ಲೋಡ್ ಮಾಡೋದು ನಾನು ಮರೆತಿದ್ದೆ. ಪಾಪ, ಅಷ್ಟರಲ್ಲಿ ಅವರು ಹೊಸ ಪೆನ್‌ಡ್ರೈವ್‌ಗೆ 450 ಕೊಟ್ಟಾಗಿತ್ತು.

ಟನಲ್ ಎದ್ದಿತು, ನಾನು ಮಲಗಿದೆ. ಸೋಮವಾರ ಬೆಳಿಗ್ಗೆ ಯಜಮಾನರ ಫೋನು. "ಎಂತ ಮಾರಾಯ, ಮುಂಬೈ ಪಾರ್ಟಿ ನಿನ್ನೆನೇ ಆರ್ಡರ್ ಕಳಿಸಿದ್ದಾರಂತೆ, ಇಲ್ಲಿ ಏನೂ ಇಲ್ಲ."

ಹೋಗುವ ಮೇಲ್ ಎಲ್ಲ ಸರಿ ಹೋಗ್ತಾ ಇತ್ತು. ವಿಪಿಎಸ್‌ನಿಂದ ಟೆಸ್ಟ್ ಮೇಲ್ ಬಿಟ್ಟರೆ ಪಟ್ ಅಂತ ಬರ್ತಿತ್ತು. ಹೊರಗಿನವರ ಮೇಲ್ ಮಾತ್ರ ವಿಪಿಎಸ್ ಕ್ಯೂನಲ್ಲೇ ನಿಂತಿತ್ತು. ಲಾಗ್‌ನಲ್ಲಿ ಮೂರು ಮೂರು ನಿಮಿಷಕ್ಕೆ "ಟೈಮ್ಡ್ ಔಟ್ ವೈಲ್ ಸೆಂಡಿಂಗ್ ಮೆಸೇಜ್ ಬಾಡಿ". ಕ್ಯೂನಲ್ಲಿ 300 ದಾಟಿತ್ತು. ಪೋಸ್ಟ್‌ಫಿಕ್ಸ್ ಐದು ದಿನ ಕಾಯುತ್ತೆ, ಆಮೇಲೆ ವಾಪಸ್ ಕಳಿಸುತ್ತೆ. ಶನಿವಾರದ ಮೇಲ್‌ಗೆ ಗುರುವಾರ ಗಡುವು. ಮೊದಲು ಅದನ್ನು 10 ದಿನ ಮಾಡಿ ಉಸಿರು ಬಿಟ್ಟೆ.

ಅಳಿಯ ಫೋನ್ ಮಾಡಿ "ಎಸ್‌ಇಲಿನಕ್ಸ್ ಆಫ್ ಮಾಡಿ ನೋಡಿ" ಅಂದರು. ಅವರ ಸಮಾಧಾನಕ್ಕೆ ಐದು ನಿಮಿಷ ಪರ್ಮಿಸಿವ್ (ತಡೆಯದೆ ಬರೀ ದಾಖಲಿಸೋದು) ಮಾಡಿದೆ. ಏನೂ ಬದಲಾಗಲಿಲ್ಲ, ಮತ್ತೆ ಆನ್ ಮಾಡಿದೆ. ಇಡೀ ಮಂಗಳವಾರ ಟಿಎಲ್‌ಎಸ್ (ಮೇಲನ್ನು ಗುಪ್ತವಾಗಿ ಸಾಗಿಸುವ ವಿಧಾನ) ಮೇಲೆ ಅನುಮಾನಪಟ್ಟು ಹಾಳು ಮಾಡಿದೆ.

ಬುಧವಾರ ರಾತ್ರಿ ವಿಪಿಎಸ್‌ನಲ್ಲಿ ಹೋಗುವ ಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ಎರಡು ಸರ್ವರ್‌ಗಳ ಮಾತುಕತೆ ಕಂಡಿತು. ಎಹ್ಲೋ (ನಮಸ್ಕಾರ) ಹೋಯ್ತು, ಮೇಲ್ ಫ್ರಮ್ ಹೋಯ್ತು, ಆರ್‌ಸಿಪಿಟಿ ಹೋಯ್ತು, ಡೇಟಾ ಅಂದಿತು, 354 ಬಂತು, ಅಂದರೆ ಕಳಿಸು ಅಂತ. ಆಮೇಲೆ 1368 ಬೈಟಿನ ಒಂದು ತುಂಡು. ಉತ್ತರ ಇಲ್ಲ. ಅದೇ ತುಂಡು ಮತ್ತೆ, ಒಂದು ಸೆಕೆಂಡ್ ಬಿಟ್ಟು ಮತ್ತೆ, ಎರಡು ಬಿಟ್ಟು, ನಾಲ್ಕು ಬಿಟ್ಟು. ತುಂಬಿದ ಪ್ಯಾಕೆಟ್ ದಾಟುತ್ತಿರಲಿಲ್ಲ. ನನ್ನ ಟೆಸ್ಟ್ ಮೇಲ್ ಒಂದು ಕೆಬಿ ಕೂಡ ಇರಲಿಲ್ಲ, ಅದಕ್ಕೇ ಅದು ದಾಟಿತ್ತು. ಹೊರಗಿನ ಮೇಲ್‌ಗೆ ಬರೀ ಹೆಡರೇ ನಾಲ್ಕೈದು ಕೆಬಿ. ಟೆಸ್ಟ್ ಮೇಲ್ ನಂಬಿ ಎರಡು ದಿನ ಕಳೆದೆ ಅಲ್ವಾ, ಆ ಸಂಕಟ ಇನ್ನೂ ಹೋಗಿಲ್ಲ.

ಎಷ್ಟು ಬೈಟ್ ದಾಟುತ್ತೆ ಅಂತ ನೋಡಲು ಪಿಂಗ್ ಹಾಕಿದೆ. 1392 ಹೋಗಲಿಲ್ಲ. ಇಳಿಸುತ್ತಾ ಬಂದೆ. 1381 ಇಲ್ಲ, 1380 ಹೋಯ್ತು. ಪಿಂಗ್‌ನ ಹೆಡರ್ 28 ಕೂಡಿಸಿದರೆ 1408. ಡಬ್ಲ್ಯುಜಿ ಶೋ (ಟನಲ್ ಸ್ಥಿತಿ ತೋರಿಸುವ ಆದೇಶ) ಹೊಡೆದು ನೋಡಿದೆ, ಟನಲ್‌ನ ಆಚೆ ತುದಿ ಐಪಿವಿ6, ಹೊಸ ಬಗೆಯ ವಿಳಾಸ! ಬ್ರಾಡ್‌ಬ್ಯಾಂಡ್‌ನವರು ಆ ನಡುವೆ ಐಪಿವಿ6 ಶುರು ಮಾಡಿದ್ದರು. ವೈರ್‌ಗಾರ್ಡ್ ಸರ್ವರ್ ಹೆಸರಿನ ವಿಳಾಸವನ್ನು ಏಳುವಾಗ ಒಂದೇ ಸಲ ನೋಡುತ್ತೆ, ಹಾಗಾಗಿ ರೀಬೂಟ್ ಆಗೋ ತನಕ ಹಳೇ ಐಪಿವಿ4 ಮೇಲೇ ಇತ್ತು. ಐಪಿವಿ6 ಮೇಲೆ ವೈರ್‌ಗಾರ್ಡ್ 80 ಬೈಟ್ ತಿನ್ನುತ್ತೆ. ಟನಲ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ) 1420, ಅದಕ್ಕೆ 80 ಸೇರಿ 1500. ಈ ಲೈನ್ ಪಿಪಿಪಿಒಇ (ಬ್ರಾಡ್‌ಬ್ಯಾಂಡ್ ಸಂಪರ್ಕದ ಒಂದು ಬಗೆ), ದಾಟೋದು 1492, ಅದರಲ್ಲಿ 80 ಕಳೆದರೆ 1412.

ಹಾಗಾದರೆ 1412 ಹೋಗಬೇಕಿತ್ತಲ್ಲ, 1408ಕ್ಕೇ ಯಾಕೆ ನಿಂತಿತು? ಇದಕ್ಕೆ ಅರ್ಧ ಗಂಟೆ ತಲೆ ಕೆರೆದುಕೊಂಡೆ. ವೈರ್‌ಗಾರ್ಡ್ ಒಳಗಿನ ಪ್ಯಾಕೆಟನ್ನು 16ರ ಲೆಕ್ಕಕ್ಕೆ ತುಂಬಿಸುತ್ತೆ. 1408 ಅಂದರೆ 88 ಸಲ 16, ಸರಿಯಾಗಿ ಕೂರುತ್ತೆ. 1409 ಆದರೂ ಸಾಕು, ಮುಂದಿನ ಅಳತೆಗೆ ಉಬ್ಬಿಸಲು ಹೋಗಿ ಎಂಟಿಯು ಇರುವ 1420ಕ್ಕೆ ತಂದು ನಿಲ್ಲಿಸುತ್ತೆ. ಆ ರಾತ್ರಿ ಇದು ಗೊತ್ತಾದಾಗ ಒಬ್ಬನೇ ನಕ್ಕೆ.

ಇನ್ನು ಅಸಲಿ ಕಳ್ಳ. ಪ್ಯಾಕೆಟ್ ದೊಡ್ಡದಾಯ್ತು ಅಂತ ದಾರಿಯಲ್ಲಿರುವ ರೂಟರ್ "ಪ್ಯಾಕೆಟ್ ಟೂ ಬಿಗ್" ಕಳಿಸುತ್ತೆ, ವಿಪಿಎಸ್ ಅದನ್ನು ಕೇಳಿ ತುಂಡು ಮಾಡಬೇಕು. ನನ್ನ ಆ 60 ಸಾಲಿನ ಪಟ್ಟಿಯಲ್ಲಿ ನೈಬರ್ ಡಿಸ್ಕವರಿ (ಅಕ್ಕಪಕ್ಕದವರನ್ನು ಹುಡುಕೋದು) ಬಿಟ್ಟು ಐಸಿಎಂಪಿವಿ6 (ಇಂಥ ದೂರು ಹೊರುವ ಸಂದೇಶಗಳು) ಎಲ್ಲ ಡ್ರಾಪ್ ಅಂತ ಇತ್ತು. ದೂರು ಬಂದಿದ್ದೇನೋ ನಿಜ, ನಾನೇ ಬಾಗಿಲಲ್ಲಿ ತಡೆದಿದ್ದೆ. ಆಫೀಸಿನ ಕಡೆ ಆ ಫೈರ್‌ವಾಲ್ ಸಾಲುಗಳಿರಲಿಲ್ಲ, ಅದಕ್ಕೇ ಹೋಗುವ ಮೇಲ್ ಸರಾಗ. ಫೈರ್‌ವಾಲ್‌ನಲ್ಲಿ (ಎನ್‌ಎಫ್‌ಟಿ) ಆ ದೂರನ್ನು ಒಳಗೆ ಬಿಡುವ ಒಂದು ಸಾಲು ಸೇರಿಸಿದೆ, ಎರಡೂ ತುದಿಯಲ್ಲಿ ಎಂಟಿಯು 1412 ಮಾಡಿದೆ. ಕ್ಯೂ ಫ್ಲಶ್ ಹೊಡೆದೆ. ಆಗ ರಾತ್ರಿ ಎರಡೂವರೆ. 400 ಚಿಲ್ಲರೆ ಮೇಲ್ ಏಳೆಂಟು ನಿಮಿಷದಲ್ಲಿ ಬಂದು ಬಿದ್ದವು. ಒಂದೂ ಕಳೆಯಲಿಲ್ಲ.

ಟಿಸಿಪಿ ಎಂಟಿಯು ಪ್ರೋಬಿಂಗ್ (ದೊಡ್ಡ ಪ್ಯಾಕೆಟ್ ದಾಟದಿದ್ದರೆ ತಾನೇ ಸಣ್ಣದು ಮಾಡಿ ನೋಡೋದು) 1 ಮಾಡಿದ್ದರೂ ಮೇಲ್ ಓಡುತ್ತಿತ್ತು ಅಂತ ನೀವು ಹೇಳಬಹುದು. ಓಡುತ್ತಿತ್ತು, ಆದರೆ ಕಳ್ಳ ಒಳಗೇ ಇರುತ್ತಿದ್ದ.

ಸ್ಪ್ಯಾಮ್ ತಡೆಯಲು ಮೊದಲು ಗ್ರೇಲಿಸ್ಟಿಂಗ್ (ಗುರುತಿಲ್ಲದವರಿಗೆ ಆಮೇಲೆ ಮತ್ತೆ ಬಾ ಅನ್ನೋದು) ಹಾಕಿದ್ದೆ. ಬ್ಯಾಂಕಿನ ಒಟಿಪಿ ಮೇಲ್ 20 ನಿಮಿಷ ತಡವಾಗಿ ಬಂದು ಬೈಸಿಕೊಂಡೆ, ತೆಗೆದೆ. ಈಗ ಪೋಸ್ಟ್‌ಫಿಕ್ಸ್‌ನ ಬಾಗಿಲ ಕಾವಲು ಪೋಸ್ಟ್‌ಸ್ಕ್ರೀನ್ ಇದೆ. ಸಂಪರ್ಕ ಬಂದ ಮೇಲೆ ಆರು ಸೆಕೆಂಡ್ ಸುಮ್ನೆ ಕಾಯುತ್ತೆ. ಸ್ಪ್ಯಾಮ್ ಬಾಟ್‌ಗಳಿಗೆ ತಾಳ್ಮೆ ಇಲ್ಲ, ಮೊದಲೇ ಮಾತಾಡಿ ಸಿಕ್ಕಿಬೀಳುತ್ತವೆ. ನನ್ನ ಅಂದಾಜಿನಲ್ಲಿ ಅರ್ಧಕ್ಕರ್ಧ ಅಲ್ಲೇ ಹೋಗುತ್ತವೆ.

ಇನ್ನೊಂದು ಹುಚ್ಚು. ಡಾಟ್ ಭಾರತ ಕನ್ನಡ ಲಿಪಿಯಲ್ಲೇ ಇದೆಯಲ್ಲ, ಯಜಮಾನರ ಹೆಸರಿಗೆ ಪೂರ್ತಿ ಕನ್ನಡದ ಮೇಲ್ ವಿಳಾಸ ಮಾಡೋಣ ಅಂತ ಹೊರಟೆ. ಪೋಸ್ಟ್‌ಫಿಕ್ಸ್ 2015ರ 3.0ರಿಂದಲೇ ಇದನ್ನು ಒಪ್ಪುತ್ತೆ. ನನ್ನಲ್ಲಿರುವ ಡವ್‌ಕಾಟ್ 2.3 ಒಪ್ಪೋದಿಲ್ಲ, ಒಳಗಡೆ ಕೊಡುವಾಗ ಮೇಲ್ ವಾಪಸ್ ಬರುತ್ತೆ. ಮೂರು ಭಾನುವಾರ ಹೋದವು. ಕೊನೆಗೆ ಒಂದು ಒಳದಾರಿ ಸಿಕ್ಕಿತು. ಅದನ್ನೂ ಈಗ ಹೇಳೋದಿಲ್ಲ, ಇನ್ನಿಬ್ಬರು ಗಿರಾಕಿಗಳು ಕೇಳ್ತಾ ಇದ್ದಾರೆ. ಯಜಮಾನರು ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದಾರೆ. ಅದಕ್ಕೆ ಇಲ್ಲಿ ತನಕ ಬಂದ ಮೇಲ್ 11, ಅದರಲ್ಲಿ ಒಂಬತ್ತು ನಾನೇ ಕಳಿಸಿದ್ದು.

ಕಳೆದ ದೀಪಾವಳಿಗೆ ಬಂದಾಗ ಅಳಿಯ ಪೆಟ್ಟಿಗೆ ನೋಡಿದರು. ಲಾಗ್ ತೋರಿಸಿ ಅಂದರು, ತೋರಿಸಿದೆ. ಈಗ ಅವರು ಗೆಳೆಯರ ಜೊತೆ ಶುರು ಮಾಡಿದ ಕಂಪನಿಯ ಎಂಟು ಡಬ್ಬಿಗಳೂ ಇದರಲ್ಲೇ ಇವೆ. ತಿಂಗಳಿಗೆ 500 ಅಂತ ಮಾತಾಗಿದೆ. ಎರಡು ತಿಂಗಳದ್ದು ಇನ್ನೂ ಬಂದಿಲ್ಲ.