ಕೂಲಿ, ಅಳತೆ ಮತ್ತು ಲೋಭ: ಕಟ್ಟಡ ಗುತ್ತಿಗೆಯಲ್ಲಿ ನನ್ನ ಅನುಭವ

ಕಟ್ಟಡದ ಗುತ್ತಿಗೆಯನ್ನು ಜೀವನೋಪಾಯವಾಗಿ ಮಾಡಿಕೊಂಡಿರುವ ಕ್ರೈಸ್ತನು ಬೈಬಲನ್ನು ಓದುವಾಗ ತನ್ನ ಕಸುಬಿನ ಕುರಿತೇ ಮಾತನಾಡುವ ಎರಡು ವಾಕ್ಯಗಳನ್ನು ದಾಟಿ ಹೋಗಲಾರನು. ಮೊದಲನೆಯದು ಪ್ರವಾದಿಯಾದ ಯೆರೆಮೀಯನ ಗ್ರಂಥದ 22ನೆಯ ಅಧ್ಯಾಯದಲ್ಲಿದೆ. ಯೆಹೂದದ ಅರಸನಾದ ಯೆಹೋಯಾಕೀಮನು ವಿಶಾಲವಾದ ಮಾಳಿಗೆಗಳನ್ನು ಕಟ್ಟಿಸಿ, ದೇವದಾರಿನ ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿಸಿಕೊಂಡನು. ಆದರೆ ದುಡಿದ ನೆರೆಯವನಿಗೆ ಕೂಲಿ ಕೊಡಲಿಲ್ಲ ಎಂಬುದು ಪ್ರವಾದಿಯ ಆರೋಪ. ಎರಡನೆಯದು ಇನ್ನೊಬ್ಬ ಪ್ರವಾದಿಯಾದ ಹಬಕ್ಕೂಕನ 2ನೆಯ ಅಧ್ಯಾಯದಲ್ಲಿದೆ: ಲೋಭದಿಂದ ಗಳಿಸಿ ಎತ್ತರದಲ್ಲಿ ಗೂಡು ಕಟ್ಟಿಕೊಂಡವನ ವಿರುದ್ಧ ಗೋಡೆಯೊಳಗಿನ ಕಲ್ಲೇ ಕೂಗುತ್ತದೆ, ಮರಗೆಲಸದೊಳಗಿನ ತೊಲೆ ಅದಕ್ಕೆ ಉತ್ತರ ಕೊಡುತ್ತದೆ. ಮಂಗಳೂರಿನಲ್ಲಿ ಕೆಂಪುಕಲ್ಲಿನ ಮನೆಗಳನ್ನು ಕಟ್ಟಿಸುತ್ತಾ, ಜೆಪ್ಪು, ಬೋಳಾರ, ಕಂಕನಾಡಿಯ ಕಡೆಯ ಹಳೆಯ ಹಂಚಿನ ಮಾಡುಗಳನ್ನು ದುರಸ್ತಿ ಮಾಡಿಸುತ್ತಾ ಬಂದಿರುವ ನಾನು ಈ ಮಾತುಗಳನ್ನು ಲೆಕ್ಕದ ಪುಸ್ತಕದ ನಿಯಮಗಳಾಗಿ ಹೇಗೆ ಬಳಸಿದೆನೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೋಭವನ್ನು ಮನಸ್ಸಿನೊಳಗಿನ ಒಂದು ಭಾವನೆ ಎಂದಷ್ಟೇ ತಿಳಿದರೆ ಅದನ್ನು ಹಿಡಿಯುವುದು ಬಹಳ ಕಷ್ಟ, ಏಕೆಂದರೆ ತಾನು ಲೋಭಿ ಎಂದು ಯಾರಿಗೂ ಅನ್ನಿಸುವುದಿಲ್ಲ. ಮಕ್ಕಳ ಓದು, ಮಳೆಗಾಲದ ಖರ್ಚು, ಮುಪ್ಪಿನ ಭದ್ರತೆ ಎಂದು ಪ್ರತಿಯೊಂದು ರೂಪಾಯಿಗೂ ನಮ್ಮ ಬಳಿ ಒಳ್ಳೆಯ ಕಾರಣವೊಂದು ಸಿದ್ಧವಾಗಿರುತ್ತದೆ. ಮೋಶೆಯ ಧರ್ಮಶಾಸ್ತ್ರವಾದರೋ ಹೃದಯದ ಆಶೆಯನ್ನು ಹತ್ತನೆಯ ಆಜ್ಞೆಯಲ್ಲಿ ನಿಷೇಧಿಸಿ ಅಲ್ಲಿಗೇ ನಿಲ್ಲದೆ, ಕೂಲಿ ಯಾವಾಗ ಕೊಡಬೇಕು, ಚೀಲದಲ್ಲಿ ಎಷ್ಟು ಬಗೆಯ ತೂಕದ ಕಲ್ಲು ಇರಬಹುದು, ಅಳತೆ ಹೇಗಿರಬೇಕು ಎಂಬ ವಿವರಗಳಿಗೆ ಇಳಿಯುತ್ತದೆ. ಲೋಭವನ್ನು ಗುರುತಿಸಬೇಕಾದ ಜಾಗ ಅದೇ ಎಂದು ನನಗೆ ಕಂಡಿತು. ಆದುದರಿಂದ ನನ್ನ ಪ್ರಯತ್ನವೂ ಅಲ್ಲಿಂದಲೇ ಆರಂಭವಾಯಿತು.

ಮೊದಲು ಕೂಲಿಯ ವಿಚಾರ. ಕೂಲಿಯಾಳಿನ ಸಂಬಳ ಮರುದಿನ ಬೆಳಗಿನ ತನಕ ನಿನ್ನ ಬಳಿ ಉಳಿಯಬಾರದು ಎಂದು ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಅವನು ಬಡವನಾಗಿ ಆ ಕೂಲಿಯನ್ನೇ ನಂಬಿಕೊಂಡಿರುವುದರಿಂದ ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದೂ, ಅವನು ಸ್ವಜನನಾಗಿರಲಿ ಊರಿಗೆ ಬಂದ ಪರದೇಶಿಯಾಗಿರಲಿ ನಿಯಮ ಒಂದೇ ಎಂದೂ ವಿವರಿಸುತ್ತದೆ. ಬಾಗಲಕೋಟೆ, ಕೊಪ್ಪಳ, ವಿಜಯಪುರದಿಂದಲೂ ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳದಿಂದಲೂ ಬಂದವರ ದುಡಿಮೆಯ ಮೇಲೆ ನಿಂತಿರುವ ಮಂಗಳೂರಿನ ಕಟ್ಟಡ ಕೆಲಸಕ್ಕೆ ಈ ಕೊನೆಯ ಮಾತು ನೇರವಾಗಿ ಅನ್ವಯಿಸುತ್ತದೆ. ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನಮ್ಮ ಕ್ರೈಸ್ತ ಸಭೆಗಳಲ್ಲಿ ದೇವರ ಕೃಪೆಯ ಕುರಿತಾಗಿ ಬೋಧಿಸುತ್ತಾರೆ, ಅದು ಸರಿಯೇ. ಆದರೆ ಆ ಕಥೆಯ ಯಜಮಾನನು ಸಂಜೆಯಾದೊಡನೆ ಪಾರುಪತ್ಯಗಾರನನ್ನು ಕರೆದು ಅಂದಿನ ಕೂಲಿಯನ್ನು ಅಂದೇ ಕೊಡಿಸಿದನೆಂಬುದನ್ನು ಗುತ್ತಿಗೆದಾರನಾದವನು ಗಮನಿಸದೆ ಇರಬಾರದು.

ನಮ್ಮ ಕಸುಬಿನಲ್ಲಿ ಕೂಲಿ ತಡವಾಗುವುದಕ್ಕೆ ಕೆಟ್ಟ ಮನಸ್ಸೇ ಬೇಕಾಗಿಲ್ಲ, ಹಣ ಹರಿದುಬರುವ ಕ್ರಮವೇ ಸಾಕು. ಮನೆಯ ಯಜಮಾನರು ಹಂತ ಹಂತವಾಗಿ ಹಣ ಕೊಡುತ್ತಾರೆ: ಪಂಚಾಂಗ (ಅಡಿಪಾಯ) ಮುಗಿದಾಗ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಬಂದಾಗ ಇನ್ನೊಂದು, ಸ್ಲ್ಯಾಬ್ ಹಾಕಿದ ಮೇಲೆ ಮತ್ತೊಂದು, ಸಾರಣೆ ಮುಗಿದ ಮೇಲೆ ಉಳಿದದ್ದು. ಬಟವಾಡೆ ಮಾತ್ರ ಪ್ರತಿ ಶನಿವಾರವೂ ಆಗಬೇಕು. ಬ್ಯಾಂಕಿನ ಸಾಲದ ಕಂತು ಬಿಡುಗಡೆಯಾಗುವುದು ತಡವಾದರೆ ಯಜಮಾನರು ಗುತ್ತಿಗೆದಾರನಿಗೆ ಕಾಯಲು ಹೇಳುತ್ತಾರೆ, ಗುತ್ತಿಗೆದಾರನು ಮೇಸ್ತ್ರಿಗೆ ಹೇಳುತ್ತಾನೆ, ಮೇಸ್ತ್ರಿಯು ಹೆಲ್ಪರ್‌ಗಳಿಗೆ ಹೇಳುತ್ತಾನೆ. ಹೀಗೆ ಇಡೀ ಸಾಲಿನಲ್ಲಿ ಅತ್ಯಂತ ಬಡವನಾದವನೇ ಮನೆ ಕಟ್ಟಿಸುವವರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಗುತ್ತದೆ. ಕೆಲಸಗಾರರು ಬೇರೆ ಕಡೆಗೆ ಹೋಗದಂತೆ ಒಂದೆರಡು ವಾರದ ಕೂಲಿಯನ್ನು ಬೇಕೆಂದೇ ಹಿಡಿದಿಡುವ ರೂಢಿಯೂ ಉಂಟು. ಅದನ್ನು ಜಾಣತನವೆಂದು ಕರೆಯುವವರೊಡನೆ ನನಗೆ ಸಹಮತವಿಲ್ಲ. ಕೊಯ್ದವರ ಕೂಲಿಯನ್ನು ತಡೆಹಿಡಿದರೆ ಆ ಕೂಲಿಯೇ ಕೂಗುತ್ತದೆಂದು ಯಾಕೋಬನು ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಐಶ್ವರ್ಯವಂತರಿಗೆ ಹೇಳಿದ್ದು ಇದೇ ರೂಢಿಯ ಕುರಿತು.

ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು, ಆದರೆ ಬೆಲೆ ತೆರಬೇಕಾದದ್ದು. ಬಟವಾಡೆಗೆಂದೇ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯನ್ನು ಇಟ್ಟು, ನಡೆಯುತ್ತಿರುವ ಎಲ್ಲ ಕೆಲಸಗಳಿಗೆ ಸುಮಾರು ಒಂದೂವರೆ ತಿಂಗಳಿಗೆ ಬೇಕಾಗುವ ಕೂಲಿಯನ್ನು ಅದರಲ್ಲಿ ಮೊದಲೇ ಕೂಡಿಸಿಡುತ್ತೇನೆ. ಸಿಮೆಂಟಿಗಾಗಲಿ, ಕಬ್ಬಿಣಕ್ಕಾಗಲಿ, ಮನೆಯ ಖರ್ಚಿಗಾಗಲಿ ಆ ಖಾತೆಯನ್ನು ಮುಟ್ಟುವುದಿಲ್ಲ. ಹೊಸ ಕೆಲಸವೊಂದು ಬಂದಾಗ ಅದರ ಕೂಲಿಯನ್ನೂ ಹೊರುವ ಶಕ್ತಿ ಆ ಖಾತೆಗೆ ಇಲ್ಲದಿದ್ದರೆ ಆ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಲೂಕನ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕೇಳಿದ್ದು ಶಿಷ್ಯತ್ವದ ಬೆಲೆಯ ಕುರಿತಾದರೂ, ಆ ಲೆಕ್ಕವನ್ನು ಅಕ್ಷರಶಃ ಹಾಕುವುದು ನನ್ನ ಕಸುಬಿನಲ್ಲಿ ಶಿಷ್ಯತ್ವದ ಒಂದು ಭಾಗವೇ ಆಗಿದೆ. ಈ ನಿಯಮದಿಂದ ಏಕಕಾಲದಲ್ಲಿ ನಡೆಸಬಹುದಾದ ಕೆಲಸಗಳ ಸಂಖ್ಯೆ ಕಡಿಮೆಯಾಗುತ್ತದೆ, ನನ್ನ ಜೊತೆಗೇ ಕಸುಬು ಹಿಡಿದವರು ನನಗಿಂತ ದೊಡ್ಡ ಗುತ್ತಿಗೆದಾರರಾಗಿದ್ದಾರೆ. ಅತ್ತ, ಜೂನ್‌ನಲ್ಲಿ ಮಳೆ ಹಿಡಿದು ಹೊರಗಿನ ಕೆಲಸ ನಿಂತಾಗಲೂ ಶನಿವಾರದ ಬಟವಾಡೆ ತಪ್ಪಿಲ್ಲ.

ಎರಡನೆಯ ವಿಚಾರ ಕಣ್ಣಿಗೆ ಕಾಣದ ಕೆಲಸ. ಹಬಕ್ಕೂಕನು ಗೋಡೆಯೊಳಗಿನ ಕಲ್ಲು ಎಂದದ್ದು ಎಷ್ಟು ನಿಖರವಾದ ಮಾತೆಂಬುದು ಕಟ್ಟುವವರಿಗೆ ಗೊತ್ತು, ಏಕೆಂದರೆ ಮೋಸವೆಲ್ಲ ಸಾರಣೆಯ ಹಿಂದೆಯೇ ಇರುತ್ತದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಎಂದು ಒಪ್ಪಿಕೊಂಡ ಗಾರೆಯಲ್ಲಿ ಮರಳನ್ನು ಎಂಟು ಪಾಲು ಮಾಡಿದರೆ ಮನೆಯೊಕ್ಕಲಿನ ದಿನ ಯಾರಿಗೂ ತಿಳಿಯುವುದಿಲ್ಲ. ಸ್ಲ್ಯಾಬ್ ಹಾಕಿದ ಮೇಲೆ ಕನಿಷ್ಠ 7 ದಿನ ಎಡೆಬಿಡದೆ ನೀರುಣಿಸಬೇಕು, ಈಗ ಹೆಚ್ಚಾಗಿ ಸಿಗುವ ಮಿಶ್ರ ಸಿಮೆಂಟಿಗೆ ಅದಕ್ಕಿಂತಲೂ ಹೆಚ್ಚು ದಿನ ಬೇಕು. ಮೇ ತಿಂಗಳ ಸೆಕೆಯಲ್ಲಿ ಅದಕ್ಕೆಂದೇ ಒಬ್ಬ ಆಳನ್ನು ನಿಲ್ಲಿಸುವುದು ಲಾಭದಿಂದ ಹೋಗುವ ಹಣ. ಎರಡು ದಿನ ನೀರು ಹಾಯಿಸಿ ಬಿಟ್ಟುಬಿಟ್ಟರೂ ಕೇಳುವವರು ಇರುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಕರಾವಳಿಯಲ್ಲಿ ಅದರ ಫಲ ಕೆಲವು ಮಳೆಗಾಲಗಳ ನಂತರ ಸೋರಿಕೆಯಾಗಿ, ತುಕ್ಕು ಹಿಡಿದ ಕಂಬಿಯಾಗಿ ಹೊರಬೀಳುತ್ತದೆ, ಆದರೆ ಅಷ್ಟರಲ್ಲಿ ಗುತ್ತಿಗೆದಾರನ ಹಣ ಸಂದಾಯವಾಗಿರುತ್ತದೆ. ಕದಿಯಬಾರದು ಎಂಬ ಆಜ್ಞೆಯನ್ನು ವಿವರಿಸುವಾಗ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನು 1529ರ ತನ್ನ ದೊಡ್ಡ ಪ್ರಶ್ನೋತ್ತರ ಗ್ರಂಥದಲ್ಲಿ, ಪೆಟ್ಟಿಗೆ ಒಡೆಯುವವರನ್ನಷ್ಟೇ ಅಲ್ಲದೆ ಸಂತೆಯಲ್ಲಿ ಸುಳ್ಳು ಅಳತೆ ಕೊಡುವವರನ್ನೂ, ಕೂಲಿ ಪಡೆದು ಕೆಲಸವನ್ನು ಕಾಟಾಚಾರಕ್ಕೆ ಮಾಡುವವರನ್ನೂ ಕಳ್ಳರ ಸಾಲಿಗೆ ಸೇರಿಸಿದನು. ಆ ಮಾತು ಗುತ್ತಿಗೆದಾರನಿಗೂ ಮೇಸ್ತ್ರಿಗೂ ಸಮಾನವಾಗಿ ತಗಲುವುದರಿಂದ ನಾನು ಅದನ್ನು ನಮ್ಮ ಕೆಲಸಗಾರರಿಗೂ ಹೇಳುತ್ತೇನೆ. ಗಾರೆ ಕಲಸುವ ಅಳತೆಯ ಪೆಟ್ಟಿಗೆ ನಮ್ಮ ಪ್ರತಿಯೊಂದು ಸೈಟಿನಲ್ಲೂ ಒಂದೇ, ನೀರುಣಿಸಿದ ದಿನಗಳನ್ನು ಗೋಡೆಯ ಮೇಲೆಯೇ ಸುಣ್ಣದಲ್ಲಿ ಬರೆಯುತ್ತೇವೆ, ಮನೆಯವರು ಬಂದಾಗ ನೋಡಬಹುದು.

ಹಳೆಯ ಮಾಡುಗಳನ್ನು ಬಿಚ್ಚುವಾಗ, ಹಂಚನ್ನು ಹೊರುವ ಮರದ ಪಕ್ಕಾಸು ಮತ್ತು ರೀಪು ಕುಂಬಾಗಿ ಕೊಳೆತಿದ್ದರೂ, 1865 ಎಂಬ ಇಸವಿಯೂ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹೆಸರೂ ಅಚ್ಚಾಗಿರುವ ಹಂಚುಗಳು ಇನ್ನೂ ಗಟ್ಟಿಯಾಗಿ ಸಿಗುವುದುಂಟು. ಆ ಇಸವಿಯಲ್ಲಿ ಜೆಪ್ಪುವಿನಲ್ಲಿ ಗೆಯಾರ್ಗ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆಯೂ ಅದಕ್ಕೂ ಮೊದಲಿನ ನೇಯ್ಗೆಯ ಕೆಲಸವೂ ಹುಟ್ಟಿದ್ದು, ಕ್ರೈಸ್ತರಾದುದರಿಂದ ಹಿಂದಿನ ಜೀವನಾಧಾರವನ್ನು ಕಳೆದುಕೊಂಡವರಿಗೆ ದಾನದ ಬದಲು ದುಡಿಮೆಯನ್ನು ಒದಗಿಸುವುದಕ್ಕಾಗಿ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳಿಗೆ ವ್ಯಾಪಾರದ ಲಾಭವನ್ನು ಸುವಾರ್ತೆಯ ಕೆಲಸದೊಡನೆ ಬೆರೆಸುವ ವಿಷಯದಲ್ಲಿ ಅಳುಕಿತ್ತು. 1859ರಲ್ಲಿ ವ್ಯಾಪಾರಕ್ಕೆಂದು ಬೇರೆಯೇ ಕಂಪನಿಯನ್ನು ಸ್ಥಾಪಿಸಿದರು. ನನ್ನ ಊರಿನ ಸಭೆಯ ಇತಿಹಾಸದಲ್ಲಿ ನಾನು ಅತ್ಯಂತ ಗೌರವಿಸುವ ಸಂಗತಿಗಳಲ್ಲಿ ಈ ಅಳುಕೂ ಒಂದು. ಲಾಭವನ್ನು ಕಂಡು ಹೆದರದವರು ಅದನ್ನು ನಿಭಾಯಿಸಲಾರರೆಂದು ನಾನು ನಂಬುತ್ತೇನೆ.

ಮೂರನೆಯದು ಕಮಿಷನ್ನಿನ ವಿಚಾರ. ಎಲ್ಲಕ್ಕಿಂತ ಕಷ್ಟವಾದದ್ದೂ ಇದೇ. ಟೈಲ್ಸ್, ಬಾತ್‌ರೂಮ್ ಸಾಮಗ್ರಿ, ಬಣ್ಣ, ವಿದ್ಯುತ್ ಸಾಮಾನುಗಳ ಅಂಗಡಿಗೆ ಗಿರಾಕಿಯನ್ನು ಕರೆದೊಯ್ದ ಗುತ್ತಿಗೆದಾರನಿಗೆ ಅಂಗಡಿಯವರು ಬಿಲ್ಲಿನ ಮೇಲೆ ಒಂದು ಪಾಲನ್ನು ಕೊಡುವುದು ಸಾಮಾನ್ಯ. ಅದು ಯಾರ ಹಣ? ಅಂಗಡಿಯವನು ತನ್ನ ಲಾಭದಿಂದ ಕೊಡುತ್ತಾನೆ, ಗಿರಾಕಿಗೆ ನಷ್ಟವಿಲ್ಲ ಎಂದು ವಾದಿಸಬಹುದು. ಆದರೆ ಆ ಪಾಲನ್ನು ಸೇರಿಸಿಯೇ ಬೆಲೆ ನಿಗದಿಯಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೆಚ್ಚು ಪಾಲು ಕೊಡುವ ಅಂಗಡಿಯ ಸಾಮಾನೇ ಒಳ್ಳೆಯದೆಂದು ನನ್ನ ಬಾಯಿಂದ ಬರತೊಡಗುತ್ತದೆ, ಗಿರಾಕಿ ಅದನ್ನು ನಿಸ್ವಾರ್ಥ ಸಲಹೆಯೆಂದು ನಂಬುತ್ತಾರೆ. ಸ್ನಾನಿಕನಾದ ಯೋಹಾನನ ಬಳಿಗೆ ಬಂದ ಸುಂಕದವರಿಗೆ ಅವನು ಕಸುಬನ್ನು ಬಿಟ್ಟುಬಿಡಲು ಹೇಳದೆ, ನೇಮಕವಾದುದಕ್ಕಿಂತ ಹೆಚ್ಚಾಗಿ ಏನನ್ನೂ ಕೇಳಬೇಡಿರೆಂದು ಹೇಳಿದನು. ಈ ಉತ್ತರ ನನಗೆ ದಾರಿ ತೋರಿಸಿತು. ನನ್ನ ಮೇಲ್ವಿಚಾರಣೆಯ ಶುಲ್ಕ ಒಟ್ಟು ಖರ್ಚಿನ ಮೇಲೆ ಶೇಕಡಾ ಎಷ್ಟು ಎಂಬುದನ್ನು ಒಪ್ಪಂದದ ಮೊದಲ ಪುಟದಲ್ಲಿಯೇ ಬರೆಯುತ್ತೇನೆ, ಅಂಗಡಿಯವರು ಕೊಡುವ ಪಾಲನ್ನು ಬಿಲ್ಲಿನಲ್ಲಿಯೇ ಕಡಿತ ಮಾಡಿಸಿ ಮನೆಯವರಿಗೆ ಬಿಡುತ್ತೇನೆ, ಮೂಲ ಬಿಲ್ಲುಗಳನ್ನು ಅವರ ಕೈಗೇ ಕೊಡುತ್ತೇನೆ.

ಹೀಗೆ ಮಾಡುವವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಕಣ್ಣಿಗೆ ಕಾಣುವ ಶುಲ್ಕ ಯಾವಾಗಲೂ ದುಬಾರಿಯಾಗಿ ಕಾಣುತ್ತದೆ. ಶುಲ್ಕವೇ ಬೇಡವೆಂದು ಹೇಳಿ ಕಮಿಷನ್ನಿನಲ್ಲಿ ಅದಕ್ಕಿಂತ ಹೆಚ್ಚು ಸಂಪಾದಿಸುವವರ ಮುಂದೆ ನನ್ನ ಅಂದಾಜುಪಟ್ಟಿ ಸೋತಿದೆ, ಮುಂದೆಯೂ ಸೋಲುತ್ತದೆ. ಪ್ರಾಮಾಣಿಕನಾದರೆ ದೇವರು ವ್ಯಾಪಾರವನ್ನು ಹೆಚ್ಚಿಸುತ್ತಾನೆಂದು ಕೆಲವು ಪ್ರಾರ್ಥನಾ ಕೂಟಗಳಲ್ಲಿ ಕೇಳಿದ್ದೇನೆ. ಆ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಭಕ್ತಿಯನ್ನು ಲಾಭಸಾಧನವೆಂದು ಎಣಿಸುವವರು ಸತ್ಯದಿಂದ ದೂರವಾದವರೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯದಲ್ಲಿದೆ, ಹಣದಾಸೆಯು ಸಕಲ ವಿಧವಾದ ಕೆಟ್ಟತನಕ್ಕೆ ಮೂಲವೆಂಬ ಪ್ರಸಿದ್ಧ ಮಾತು ಬರುವುದೂ ಅಲ್ಲಿಯೇ. ಐಶ್ವರ್ಯವೇ ಪಾಪವೆಂದು ಶಾಸ್ತ್ರ ಹೇಳುವುದಿಲ್ಲ. ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳ ಮನೆಯಲ್ಲಿಯೇ ಅಪೊಸ್ತಲರು ಇಳಿದುಕೊಂಡರು. ಅದೇ ಸಮಯದಲ್ಲಿ, ಪ್ರಾಮಾಣಿಕತೆಗೆ ಪ್ರತಿಫಲವಾಗಿ ಐಶ್ವರ್ಯ ಸಿಗುತ್ತದೆಂಬ ವಾಗ್ದಾನವನ್ನು ಯೇಸುಸ್ವಾಮಿಯ ಬಾಯಿಂದ ನಾನು ಎಲ್ಲಿಯೂ ಓದಿಲ್ಲ.

ಲೂಕನ 12ನೆಯ ಅಧ್ಯಾಯದ ಐಶ್ವರ್ಯವಂತನ ಸಾಮ್ಯದಲ್ಲಿ ನನ್ನನ್ನು ಬಹಳ ಕಾಲ ಕಾಡಿದ್ದು, ಆ ಮನುಷ್ಯನು ಮೋಸಗಾರನಲ್ಲ ಎಂಬುದು. ಅವನ ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೇ. ಕೂಲಿ ತಡೆದನೆಂದಾಗಲಿ ಸುಳ್ಳು ತೂಕ ಇಟ್ಟನೆಂದಾಗಲಿ ಅಲ್ಲಿ ಹೇಳಿಲ್ಲ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು ಎಂದು ತನ್ನೊಡನೆ ತಾನೇ ಮಾತನಾಡಿಕೊಂಡು, ಇದ್ದ ಕಣಜಗಳನ್ನು ಕೆಡವಿಸಿ ಇನ್ನೂ ದೊಡ್ಡದಾಗಿ ಕಟ್ಟಿಸುವ ನಿರ್ಧಾರ ಮಾಡಿದನು. ಕೆಡವಿ ದೊಡ್ಡದಾಗಿ ಕಟ್ಟುವುದರಿಂದಲೇ ನನಗೆ ಅನ್ನ ಸಿಗುತ್ತದೆ! ಚದರ ಅಡಿಯ ಲೆಕ್ಕದಲ್ಲಿ ದುಡಿಯುವವನಿಗೆ ಗಿರಾಕಿಯ ದೊಡ್ಡಾಸೆಯೇ ಲಾಭ. ಮಂಗಳೂರು ಮತ್ತು ಉಡುಪಿಯ ಸುತ್ತಮುತ್ತ ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಕಟ್ಟಿಸಿದ, ವರ್ಷದ ಹೆಚ್ಚಿನ ತಿಂಗಳು ಬೀಗ ಹಾಕಿರುವ, ವೃದ್ಧ ತಾಯಿಯೊಬ್ಬರು ಅಡುಗೆಮನೆ ಮತ್ತು ಒಂದು ಕೋಣೆಯನ್ನಷ್ಟೇ ಬಳಸುವ ಎಷ್ಟೋ ಮನೆಗಳಿವೆ. ಬಿಸಿಲಿನಲ್ಲಿ ಬೆವರು ಸುರಿಸಿ ಗಳಿಸಿದ ಆ ಹಣ ಪ್ರಾಮಾಣಿಕವಾದದ್ದು. ಅದನ್ನು ಹೀಗಳೆಯುವ ಹಕ್ಕು ನನಗಿಲ್ಲ. ಆದರೂ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತಾಗ, ಈ ಮನೆಯಲ್ಲಿ ಯಾರು ವಾಸಿಸುತ್ತಾರೆ, ಮೇಲಿನ ಅಂತಸ್ತಿಗೆ ಯಾರು ಹತ್ತುತ್ತಾರೆ, ಸಾಲದ ಕಂತು ಎಷ್ಟು ವರ್ಷ ಕಟ್ಟಬೇಕು ಎಂಬ ಪ್ರಶ್ನೆಗಳನ್ನು ನಾನು ಕೇಳುತ್ತೇನೆ. ಕೆಲವರು ನಕ್ಷೆಯನ್ನು ಚಿಕ್ಕದು ಮಾಡಿಸಿದ್ದಾರೆ, ಕೆಲವರು ಬೇರೆ ಗುತ್ತಿಗೆದಾರರನ್ನು ಹುಡುಕಿದ್ದಾರೆ.

ಇದೇ ಪ್ರಶ್ನೆಗಳು ನನ್ನ ಮನೆಗೂ ಸಲ್ಲುತ್ತವೆ. ಬಡತನವನ್ನಾಗಲಿ ಐಶ್ವರ್ಯವನ್ನಾಗಲಿ ಕೊಡದೆ ನನಗೆ ತಕ್ಕಷ್ಟು ಆಹಾರವನ್ನು ಕೊಡು ಎಂಬ ಜ್ಞಾನೋಕ್ತಿ 30ರ ಪ್ರಾರ್ಥನೆಯನ್ನು ಬಾಯಿಪಾಠವಾಗಿ ಹೇಳುವುದು ಸುಲಭ, ತಕ್ಕಷ್ಟು ಎಂದರೆ ಎಷ್ಟೆಂಬುದನ್ನು ಅಂಕಿಯಲ್ಲಿ ಬರೆಯುವುದು ಕಷ್ಟ. ನಾನೂ ನನ್ನ ಹೆಂಡತಿಯೂ ವರ್ಷಕ್ಕೊಮ್ಮೆ, ಮಳೆಗಾಲ ಆರಂಭವಾಗುವ ಮೊದಲು, ಕುಳಿತು ಆ ಅಂಕಿಯನ್ನು ಬರೆಯುತ್ತೇವೆ. ಬೆಲೆಗಳು ಏರಿದಂತೆ ಅದೂ ಏರುತ್ತದೆ, ಆದರೆ ಲಾಭ ಏರಿತೆಂಬ ಕಾರಣಕ್ಕೆ ಏರಿಸುವುದಿಲ್ಲ.

ಕೆಲಸಗಾರರ ದಾಖಲೆಗಳ ವಿಷಯವನ್ನೂ ಹೇಳಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18ರಿಂದ 60 ವರ್ಷದೊಳಗಿನ ಕೆಲಸಗಾರನು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು, ಅದಕ್ಕೆ ಕೆಲಸ ಕೊಟ್ಟವರ ದೃಢೀಕರಣ ಬೇಕು. ನಮ್ಮಲ್ಲಿ ದುಡಿದ ಪ್ರತಿಯೊಬ್ಬರಿಗೂ ಹಾಜರಿ ಪುಸ್ತಕ ನೋಡಿ ಅದನ್ನು ಕೇಳುವ ಮೊದಲೇ ಬರೆದುಕೊಡುತ್ತೇವೆ. ದುಡಿಯದವರು, ಪರಿಚಯದವರು, ಸಭೆಯವರೇ ಆದರೂ, ಕೇಳಿದಾಗ ಸಹಿ ಹಾಕುವುದಿಲ್ಲ. ಇದರಿಂದ ಕೆಲವು ಸ್ನೇಹಗಳು ತಣ್ಣಗಾಗಿವೆ.

ಕೊನೆಗೆ ದಶಮಾಂಶ, ಅಂದರೆ ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲನ್ನು ದೇವರಿಗೆ ಸಲ್ಲಿಸುವ ವಿಚಾರ. ಲಾಭವನ್ನು ಯಾವಾಗ ಲಾಭವೆಂದು ಕರೆಯಬೇಕು ಎಂಬುದು ಇಲ್ಲಿ ಬಿಡಿಸಿಕೊಳ್ಳಬೇಕಾದ ತೊಡಕು. ಪುದೀನ, ಜೀರಿಗೆಯಲ್ಲಿಯೂ ಹತ್ತರಲ್ಲೊಂದು ಪಾಲು ಸಲ್ಲಿಸಿ ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರನ್ನು ಯೇಸುಸ್ವಾಮಿ ಗದರಿಸಿದ್ದು ಮತ್ತಾಯನ 23ನೆಯ ಅಧ್ಯಾಯದಲ್ಲಿದೆ. ಆದುದರಿಂದ ಕೂಲಿ, ಅಂಗಡಿಗಳ ಬಾಕಿ, ಹಿಂದಿನ ಕೆಲಸಗಳ ದುರಸ್ತಿಯ ಹೊಣೆ ಇವೆಲ್ಲವನ್ನೂ ತೀರಿಸುವ ತನಕ ಕೈಯಲ್ಲಿರುವ ಹಣದಿಂದ ಕಾಣಿಕೆಯನ್ನು ತೆಗೆಯುವುದಿಲ್ಲ. ಬೇರೆಯವರಿಗೆ ಸಲ್ಲಬೇಕಾದ ಹಣವನ್ನು ದೇವರಿಗೆ ಕೊಡುವುದು ನನಗೆ ಸರಿಕಾಣುವುದಿಲ್ಲ. ಎಲ್ಲ ತೀರಿದ ಮೇಲೆ ಉಳಿದುದರಲ್ಲಿ ಹತ್ತನೆಯ ಒಂದು ಪಾಲು ಸಭೆಗೆ ಹೋಗುತ್ತದೆ. ಮನೆಯ ಅಂಕಿಯನ್ನು ಮೀರಿ ಉಳಿದದ್ದು ಕೆಲಸಗಾರರ ಆಸ್ಪತ್ರೆಯ ಖರ್ಚಿಗೂ ಅವರ ಮಕ್ಕಳ ಶಾಲೆಯ ಫೀಸಿಗೂ ಇಟ್ಟಿರುವ ನಿಧಿಗೆ ಸೇರುತ್ತದೆ. ಆ ನಿಧಿಯಿಂದ ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಹಿರಿಯ ಮೇಸ್ತ್ರಿಗಳಿಬ್ಬರು ತೀರ್ಮಾನಿಸುತ್ತಾರೆ, ಪಡೆದವರ ಹೆಸರುಗಳನ್ನು ನಾನು ಕೇಳುವುದಿಲ್ಲ.