ಮಾರುವವರು ಉತ್ತರ ಕೊಡದಿದ್ದಾಗ: ಕೊಡಗಿನಲ್ಲಿ ಆನ್‌ಲೈನ್‌ನಲ್ಲಿ ಹಳೆ ಸಾಮಾನು ಕೊಳ್ಳುವವರಿಗೆ

ಮಾರುವವರು ಸುಮ್ಮನಾದರೆ ಮೊದಲು ನೋಡಿಕೊಳ್ಳಬೇಕಾದದ್ದು ಒಂದೇ: ನಿಮ್ಮ ದುಡ್ಡು ಅವರ ಕೈ ಸೇರಿದೆಯೋ ಇಲ್ಲವೋ. ಸೇರಿಲ್ಲವಾದರೆ ಮೂರು ದಿನ ಕಾಯಬಹುದು, ಬೇಡವೆಂದು ಬಿಡಲೂಬಹುದು. ಸೇರಿದ್ದರೆ ಪ್ರತಿ ಗಂಟೆಗೂ ಬೆಲೆಯಿದೆ. ಹೆಚ್ಚಿನವರು ಮಾಡುವುದು ಇದಕ್ಕೆ ತದ್ವಿರುದ್ಧ. ದುಡ್ಡು ಕೊಡುವ ಮೊದಲು ದಿನಕ್ಕೆ ಹತ್ತು ಮೆಸೇಜು, ಕೊಟ್ಟ ಮೇಲೆ ‘ನಾಳೆ ಫೋನ್ ಎತ್ತಬಹುದು’ ಎಂದು ವಾರಗಟ್ಟಲೆ ಕಾಯುವುದು.

ದುಡ್ಡು ಕೊಡುವ ಮೊದಲಿನ ಮೌನಕ್ಕೆ ಕೊಡಗಿನಲ್ಲಿ ನ್ಯಾಯವಾದ ಕಾರಣಗಳು ಬೇಕಷ್ಟಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಗೆ ಮರ ಬಿದ್ದು ಲೈನ್ ಹೋಯಿತೆಂದರೆ ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಗಳಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಟವರಿನ ಬ್ಯಾಟರಿ ಇಳಿದ ಮೇಲೆ ನೆಟ್‌ವರ್ಕೂ ಇಲ್ಲ. ವಾಟ್ಸಾಪ್‌ನಲ್ಲಿ ಒಂದೇ ಬೂದು ಗುರುತು ಇದ್ದರೆ ಮೆಸೇಜು ಅವರ ಫೋನನ್ನೇ ತಲುಪಿಲ್ಲ ಎಂದರ್ಥ. ಎರಡು ಬೂದು ಗುರುತು ಬಂದರೆ ತಲುಪಿದೆ, ಎರಡೂ ನೀಲಿಯಾದರೆ ಓದಿದ್ದಾರೆ. ಕೆಲವರು ಓದಿದ ಗುರುತನ್ನು ಬಂದ್ ಮಾಡಿಟ್ಟಿರುತ್ತಾರೆ, ಹಾಗಾಗಿ ಬೂದು ಬಣ್ಣ ನೋಡಿಯೇ ತೀರ್ಮಾನಕ್ಕೆ ಬರಬೇಡಿ. ಒಂದೇ ಗುರುತು ನಾಲ್ಕು ದಿನ ನಿಂತು, ಊರಿನಲ್ಲಿ ಮಳೆಯೂ ಇಲ್ಲದೆ, ಮೊದಲು ಕಾಣುತ್ತಿದ್ದ ಅವರ ಫೋಟೋ ಈಗ ಕಾಣದಿದ್ದರೆ ನಿಮ್ಮನ್ನು ಬ್ಲಾಕ್ ಮಾಡಿರುವ ಸಾಧ್ಯತೆಯೇ ಹೆಚ್ಚು. ಮಳೆಗಾಲದಲ್ಲಿ ಚಾಟ್ ಬಿಟ್ಟು ಎಸ್‌ಎಂಎಸ್ ಕಳಿಸಿ. ಡೇಟಾ ಓಡದ ಕಡೆಯೂ ಅದು ಹಲವು ಬಾರಿ ಮುಟ್ಟುತ್ತದೆ.

ತೋಟದ ಕೆಲಸ ಇನ್ನೊಂದು ಕಾರಣ. ನವೆಂಬರ್‌ನಿಂದ ಅರೇಬಿಕಾ ಕಾಫಿ, ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು. ಹಗಲೆಲ್ಲ ತೋಟ, ಸಂಜೆ ಹಣ್ಣಿನ ತೂಕ, ಆಮೇಲೆ ಲೆಕ್ಕ. ಆ ಹೊತ್ತಿನಲ್ಲಿ ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ ಸರಿಯಾಗಿ ಮಾತಾಡುವುದಿಲ್ಲ. ರಾತ್ರಿ ಏಳೂವರೆಯಿಂದ ಎಂಟೂವರೆ ಒಳ್ಳೆಯ ಸಮಯ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳ ದಿನಗಳಲ್ಲಿ ವ್ಯಾಪಾರದ ಮಾತೇ ಬೇಡ.

ಸಾಮಾನಿನ ಹಂಗಾಮನ್ನೂ ಗಮನಿಸಿ. ಡೀಸೆಲ್ ಪಂಪ್‌ಸೆಟ್, ಸ್ಪ್ರಿಂಕ್ಲರ್ ಪೈಪುಗಳನ್ನು ಜನವರಿಯಲ್ಲಿ ಮಾರಲು ಹಾಕಿದವರು ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುವುದುಂಟು. ರೊಬಸ್ಟಾ ಹೂ ಅರಳಿಸಲು ನೀರು ಹಾಯಿಸುವ ಸಮಯ ಅದು. ಹೂಮಳೆ ಬಾರದಿದ್ದರೆ ಆ ಪಂಪು ಅವರಿಗೇ ಬೇಕು. ಅಂಥವರನ್ನು ಪೀಡಿಸದೆ ‘ನೀರು ಹಾಯಿಸಿ ಮುಗಿದ ಮೇಲೆ ಕೊಡುವಿರಾದರೆ ಏಪ್ರಿಲ್‌ನಲ್ಲಿ ಬರುತ್ತೇನೆ’ ಎಂದು ಒಂದು ಮೆಸೇಜು ಹಾಕಿ ಬಿಡಿ. ಆಗ ಬೆಲೆಯೂ ಹದಕ್ಕೆ ಬಂದಿರುತ್ತದೆ.

ಉತ್ತರ ಬರುವಂತೆ ಕೇಳುವುದು

‘ಇದೆಯಾ?’, ‘ಲಾಸ್ಟ್ ಪ್ರೈಸ್?’ ಎಂಬ ಒಂದೆರಡು ಪದದ ಮೆಸೇಜು ಮಾರುವವರಿಗೆ ಹತ್ತಾರು ಬಂದಿರುತ್ತವೆ. ಉತ್ತರ ಸಿಗುವುದು ನಿಜವಾಗಿ ಕೊಳ್ಳುವವರಂತೆ ಕಾಣುವವರಿಗೆ. ಹೀಗೆ ಬರೆಯಿರಿ: ‘ನಮಸ್ಕಾರ. ನಿಮ್ಮ 5 ಎಚ್‌ಪಿ ಪಂಪ್‌ಸೆಟ್ ನೋಡಿದೆ. ನಾನು ಸುಂಟಿಕೊಪ್ಪದವನು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ನೋಡಬಹುದೇ? ಸರಿಯಿದ್ದರೆ ಅಲ್ಲೇ ದುಡ್ಡು ಕೊಟ್ಟು ಪಿಕಪ್‌ನಲ್ಲಿ ಒಯ್ಯುತ್ತೇನೆ. ಯಾವ ವರ್ಷದ್ದು, ಕೊನೆಯ ಬಾರಿ ಯಾವಾಗ ಓಡಿಸಿದ್ದು?’ ಊರು, ದಿನ, ದುಡ್ಡು, ಸಾಗಾಣಿಕೆ ನಾಲ್ಕೂ ಇಲ್ಲಿವೆ. ಸಾಮಾನಿನ ಬಗ್ಗೆ ಪ್ರಶ್ನೆ ಎರಡಕ್ಕಿಂತ ಹೆಚ್ಚು ಬೇಡ. ಬೆಲೆಯ ಚೌಕಾಸಿಯನ್ನು ಸಾಮಾನಿನ ಮುಂದೆ ನಿಂತು ಮಾಡಿ. ನೋಡದೆಯೇ ಅರ್ಧ ಬೆಲೆಗೆ ಕೇಳಿದವರಿಗೆ ಬಹಳ ಜನ ಉತ್ತರವನ್ನೇ ಕೊಡುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಒಂದು ದಿನ ಕಾದು ಒಮ್ಮೆ ಫೋನ್ ಮಾಡಿ. ಎರಡನೆಯ ದಿನ ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ. ಮೂರನೆಯ ದಿನ ಕೊನೆಯ ಮೆಸೇಜು: ‘ಶುಕ್ರವಾರ ಸಂಜೆಯವರೆಗೆ ತಿಳಿಸಿ, ಇಲ್ಲವಾದರೆ ಬೇರೆ ಕಡೆ ನೋಡುತ್ತೇನೆ.’ ಹೇಳಿದ ಮೇಲೆ ಹಾಗೆಯೇ ಮಾಡಿ. ಸಾಮಾನು ಎಂದೋ ಮಾರಿಹೋಗಿದ್ದು ಜಾಹೀರಾತು ತೆಗೆಯಲು ಮರೆತಿರುವುದೇ ಬಹಳಷ್ಟು ಮೌನಗಳ ಹಿಂದಿನ ಸಂಗತಿ. ಜಾಹೀರಾತು ಹಾಕಿ ಎರಡು ತಿಂಗಳಾಗಿದ್ದರೆ ಮೂರು ದಿನವೂ ಕಾಯಬೇಕಿಲ್ಲ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗಿ ನೋಡುವುದೆಂದು ಒಪ್ಪಿದ್ದರೂ ಹೊರಡುವ ಬೆಳಿಗ್ಗೆ ಫೋನ್ ಮಾಡಿ. ಎತ್ತದಿದ್ದರೆ ಹೊರಡಬೇಡಿ. ಗುಡ್ಡದ ದಾರಿಯಲ್ಲಿ ಹೋಗಿ ಬರುವುದಕ್ಕೆ ಅರ್ಧ ದಿನ ಬೇಕು, ಪಿಕಪ್ ಬಾಡಿಗೆ ಬೇರೆ.

ಇಲ್ಲಿ ಒಂದು ಅನುಕೂಲವಿದೆ. ‘ಯಾವ ಊರು, ಯಾವ ಮನೆ?’ ಎಂದು ಕೇಳುವುದು ಕೊಡಗಿನಲ್ಲಿ ಯಾರಿಗೂ ಅಸಭ್ಯವಾಗಿ ಕಾಣುವುದಿಲ್ಲ. ನಿಜವಾದ ಮಾರಾಟಗಾರರು ಮನೆಯ ಹೆಸರೋ, ತೋಟದ ಹೆಸರೋ, ಹತ್ತಿರದ ಬಸ್ ನಿಲ್ದಾಣವೋ ತಡವರಿಸದೆ ಹೇಳುತ್ತಾರೆ. ಆ ಊರಿನಲ್ಲಿ ಪರಿಚಯದವರೊಬ್ಬರಿಗೆ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ವಿಷಯ ತಿಳಿಯುತ್ತದೆ.

ಅತಿ ಬೇಗ ಬರುವ ಉತ್ತರ

ಮೋಸಗಾರರು ದುಡ್ಡು ಬರುವ ತನಕ ಮೌನವಾಗಿರುವುದಿಲ್ಲ. ಕ್ಷಣದಲ್ಲಿ ಉತ್ತರಿಸುತ್ತಾರೆ, ಬೆಲೆ ಕೇಳಿದಷ್ಟಕ್ಕೆ ಇಳಿಸುತ್ತಾರೆ, ಆದರೆ ವಿಡಿಯೋ ಕಾಲ್‌ಗೆ ಬರುವುದಿಲ್ಲ, ಸಾಮಾನು ತೋರಿಸುವುದಿಲ್ಲ. ಇವರಲ್ಲಿ ಒಂದು ವೇಷದ ಬಗ್ಗೆ ನಮ್ಮ ಜಿಲ್ಲೆಯವರು ವಿಶೇಷವಾಗಿ ಎಚ್ಚರವಾಗಿರಬೇಕು: ಸೇನೆಯಲ್ಲಿದ್ದೇನೆ, ವರ್ಗಾವಣೆಯಾಗಿದೆ, ಸ್ಕೂಟರನ್ನು ಅಗ್ಗಕ್ಕೆ ಕೊಡುತ್ತೇನೆ, ಆರ್ಮಿ ಪಾರ್ಸೆಲ್‌ನಲ್ಲಿ ಕಳಿಸುತ್ತೇನೆ ಎನ್ನುವವರು. ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್, ಸಮವಸ್ತ್ರದ ಫೋಟೋ ಎಲ್ಲವನ್ನೂ ಕಳಿಸುತ್ತಾರೆ. ಬೇರೆಯವರಿಂದ ಕದ್ದ ಫೋಟೋಗಳವು. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ, ಮನೆಗೊಬ್ಬರು ಸೇನೆ ಕಂಡಿರುವ ಕಡೆಯಲ್ಲಿ ಆ ಸಮವಸ್ತ್ರಕ್ಕೆ ಇರುವ ಗೌರವವನ್ನೇ ಅವರು ಬಂಡವಾಳ ಮಾಡಿಕೊಳ್ಳುತ್ತಾರೆ. ಮೊದಲು ಸಾಗಾಣಿಕೆ ಎಂದು ಸಣ್ಣ ಮೊತ್ತ, ಆಮೇಲೆ ಜಿಎಸ್‌ಟಿ, ಆಮೇಲೆ ‘ವಾಪಸ್ ಬರುವ ಠೇವಣಿ’. ಪ್ರತಿ ಬಾರಿಯೂ ಹಿಂದಿನದನ್ನು ಉಳಿಸಿಕೊಳ್ಳಲು ಇನ್ನಷ್ಟು ಕಟ್ಟುವಂತೆ ಮಾಡುತ್ತಾರೆ. ಎರಡನೆಯ ಮೊತ್ತ ಕೇಳಿದ ಕ್ಷಣವೇ ನಿಲ್ಲಿಸಿ.

ಮುಂಗಡ ಕೊಡಲೇಬೇಕಾಗಿ ಬಂದರೆ ಹೋದರೂ ನಷ್ಟವಿಲ್ಲ ಎನ್ನುವಷ್ಟೇ ಕೊಡಿ. ಇಪ್ಪತ್ತು ಸಾವಿರದ ಸಾಮಾನಿಗೆ ಐದುನೂರು ಸಾಕು. ಕಳಿಸುವ ಮೊದಲು ಚಾಟ್‌ನಲ್ಲಿ ಬರೆದು ಒಪ್ಪಿಗೆ ಪಡೆಯಿರಿ: ಸಾಮಾನು, ಒಟ್ಟು ಬೆಲೆ, ಮುಂಗಡ, ಒಯ್ಯುವ ದಿನಾಂಕ, ಹೇಳಿದಂತೆ ಇಲ್ಲದಿದ್ದರೆ ಮುಂಗಡ ವಾಪಸ್. ಯುಪಿಐ ಪರದೆಯಲ್ಲಿ ಬರುವ ಬ್ಯಾಂಕ್ ಹೆಸರು ಮಾರುವವರ ಹೆಸರಲ್ಲದಿದ್ದರೆ ಕಾರಣ ಕೇಳಿ. ನೆನಪಿರಲಿ, ಯುಪಿಐ ಪಿನ್ ಹಾಕುವುದು ದುಡ್ಡು ಕಳಿಸಲು ಮಾತ್ರ. ದುಡ್ಡು ಪಡೆಯಲು ಪಿನ್ ಬೇಕಿಲ್ಲ.

ಆಮೇಲೆ ಅವರು ಸಿಗದಿದ್ದರೂ ನಡೆಯುವಂತೆ

ಸ್ಕೂಟರ್, ಜೀಪಿನ ವಿಷಯದಲ್ಲಿ ಮಾರಾಟದ ನಂತರದ ಮೌನವೇ ದೊಡ್ಡ ತಲೆನೋವು. ಗಾಡಿ ಮನೆಗೆ ಬಂದಿದೆ, ಆರ್‌ಸಿ ಮಾತ್ರ ಹಳೆಯ ಹೆಸರಿನಲ್ಲೇ ಇದೆ. ಹೆಸರು ವರ್ಗಾವಣೆಯ ನಮೂನೆ 29ರ ಎರಡು ಪ್ರತಿ ಮತ್ತು ನಮೂನೆ 30ಕ್ಕೆ ಪೂರ್ತಿ ದುಡ್ಡು ಕೊಡುವ ಮುನ್ನವೇ ಸಹಿ ಮಾಡಿಸಿ. ಸಾಲವಿದ್ದ ಗಾಡಿಯಾದರೆ ನಮೂನೆ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಬೇರೆ ರಾಜ್ಯದ ನೋಂದಣಿಯಾದರೆ, ಗಡಿಯಾಚೆ ಕೇರಳದಿಂದ ಬಂದದ್ದಾದರೂ ಅಷ್ಟೆ, ನಮೂನೆ 28ರ ಎನ್‌ಒಸಿ ಇಲ್ಲದೆ ಮುಂದುವರಿಯಬೇಡಿ. ವಾಹನ್ ಜಾಲತಾಣದಲ್ಲಿ ಅರ್ಜಿ ಹಾಕುವಾಗ ಆರ್‌ಸಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಹೋಗುತ್ತದೆ, ಆದ್ದರಿಂದ ಮಾರುವವರ ಜೊತೆ ಕುಳಿತೇ ಅರ್ಜಿ ಮುಗಿಸಿ. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು, ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಲು ತಿಳಿಸಬೇಕು. ಬಾಕಿ ದಂಡಗಳನ್ನೂ ಮೊದಲೇ ನೋಡಿ.

ಹಳೆ ಮೊಬೈಲ್ ಕೊಳ್ಳುವುದಾದರೆ ನಿಮ್ಮ ಕಣ್ಣೆದುರೇ ಗೂಗಲ್ ಅಥವಾ ಆಪಲ್ ಖಾತೆ ತೆಗೆಸಿ, ರೀಸೆಟ್ ಮಾಡಿಸಿ, ಹೊಸದಾಗಿ ಆನ್ ಆಗುವವರೆಗೆ ಕಾಯಿರಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಹಳೆಯ ಪಾಸ್‌ವರ್ಡ್ ಕೇಳುತ್ತದೆ, ಅವರು ಫೋನ್ ಎತ್ತದಿದ್ದರೆ ಆ ಮೊಬೈಲ್ ಬರೀ ಗಾಜಿನ ತುಂಡು. *#06# ಒತ್ತಿ ಮೊಬೈಲಿನ ಗುರುತಿನ ಸಂಖ್ಯೆಯಾದ ಐಎಂಇಐ ತೆಗೆದು, ಕೆವೈಎಂ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ, ಆಮೇಲೆ ಆ 15 ಅಂಕೆ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಕಳವಿನದ್ದೆಂದು ತಡೆಹಿಡಿದಿದೆಯೇ ಎಂದು ಗೊತ್ತಾಗುತ್ತದೆ.

ದುಡ್ಡು ಹೋದ ಮೇಲೆ

ದುಡ್ಡು ಕಳಿಸಿದ ಮೇಲೆ ನಂಬರ್ ಬ್ಲಾಕ್ ಆಯಿತು, ಜಾಹೀರಾತು ಮಾಯವಾಯಿತು ಎಂದಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐನ 12 ಅಂಕೆಯ ವ್ಯವಹಾರ ಸಂಖ್ಯೆ, ಮೊತ್ತ, ಸಮಯ, ಅವರ ಯುಪಿಐ ಐಡಿ, ಫೋನ್ ನಂಬರ್ ಕೈಯಲ್ಲಿರಲಿ. ದುಡ್ಡು ಇನ್ನೂ ಖಾತೆಗಳಲ್ಲಿ ಉಳಿದಿದ್ದರೆ ತಡೆಹಿಡಿಯಲು ಆಗುತ್ತದೆ. ಅವರು ಅದನ್ನು ಬೇರೆ ಬೇರೆ ಖಾತೆಗಳಿಗೆ ಹಂಚಿ ಎಟಿಎಂನಿಂದ ತೆಗೆದ ಮೇಲೆ ಕಷ್ಟ. ಯುಪಿಐ ಆ್ಯಪಿನಲ್ಲಿ ದೂರು ಕೊಟ್ಟು ಸುಮ್ಮನೆ ಕೂರಬೇಡಿ. ನೀವೇ ಪಿನ್ ಹಾಕಿ ಕಳಿಸಿದ್ದರಿಂದ ಅಲ್ಲಿ ಅದು ‘ಯಶಸ್ವಿ ಪಾವತಿ’, ತಾನಾಗಿ ಹಿಂದಿರುಗುವುದಿಲ್ಲ. ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯೊಂದಿಗೆ ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ದ್ರವ್ಯ ಅಪರಾಧಗಳ) ಠಾಣೆಗೆ ಅಥವಾ ಹತ್ತಿರದ ಠಾಣೆಗೆ ಹೋಗಿ.

ಮಾರುವವರು ಗುರುತಿರುವವರೇ, ಬರೀ ಸತಾಯಿಸುತ್ತಿದ್ದಾರೆ ಎಂದಾದರೆ ದಾರಿ ಬೇರೆ. ಏಳು ದಿನದ ಗಡುವು ಕೊಟ್ಟು ಒಂದು ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ವಾಟ್ಸಾಪ್‌ನಲ್ಲೂ ಅದರ ಫೋಟೋ ಹಾಕಿ. ಮಣಿಯದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ (ಕೇಸು ಹಾಕುವ ಮೊದಲಿನ ಅರ್ಜಿ) ಕೊಟ್ಟರೆ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ದುಡ್ಡು ವಸೂಲಿಯ ದಾವೆಗೆ ಮೂರು ವರ್ಷದ ಅವಧಿಯಿದೆ. ಮಾರಿದ್ದು ಅಂಗಡಿಯೋ ವ್ಯಾಪಾರಿಯೋ ಆಗಿದ್ದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿ, ಆಮೇಲೆ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ದೂರು ಕೊಡಲು ಎರಡು ವರ್ಷ ಅವಕಾಶ. ಮನೆಯ ಹಳೆ ಫ್ರಿಜ್ ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಈ ದಾರಿ ಸಾಮಾನ್ಯವಾಗಿ ನಡೆಯುವುದಿಲ್ಲ. ಸಿಟ್ಟಿನಲ್ಲಿ ಅವರ ಫೋಟೋ, ನಂಬರ್ ಊರಿನ ಗ್ರೂಪುಗಳಿಗೆ ಹಾಕಬೇಡಿ. ಮಾನಹಾನಿ ದೂರು ನಿಮ್ಮ ಮೇಲೇ ತಿರುಗಬಹುದು, ರಾಜಿಯ ಬಾಗಿಲೂ ಮುಚ್ಚುತ್ತದೆ.

ದೂರು ಕೊಟ್ಟ ಕೆಲವು ದಿನಗಳಲ್ಲಿ ‘ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಸಣ್ಣ ಶುಲ್ಕ ಕಟ್ಟಿ’ ಎಂದು ಫೋನ್ ಬಂದರೆ ಅದೂ ಮೋಸವೇ. 1930 ಆಗಲಿ ಪೊಲೀಸರಾಗಲಿ ದೂರಿಗೆ ಶುಲ್ಕ ಕೇಳುವುದಿಲ್ಲ. ಆ ನಂಬರನ್ನೂ ನಿಮ್ಮ ದೂರಿಗೆ ಸೇರಿಸಿ.