ಹಂಪಿಯಲ್ಲಿ ಬಿದ್ದ ನೂರು ರೂಪಾಯಿ ಎಲ್ಲಿಗೆ ಹೋಗುತ್ತೆ?

2019ರಲ್ಲಿ ನಾನು ಪಿಎಚ್‌ಡಿಗೆ ಸೇರಿದಾಗ ವಿಷಯದ ಹೆಸರಿನಲ್ಲಿ ‘ಬಳ್ಳಾರಿ ಜಿಲ್ಲೆ’ ಅಂತಿತ್ತು. ಹಂಪಿಯ ಪ್ರವಾಸೋದ್ಯಮದಿಂದ ಸುತ್ತಲಿನ ಊರುಗಳಿಗೆ ಎಷ್ಟು ದುಡ್ಡು ಸೇರುತ್ತೆ ಅನ್ನುವುದು ನನ್ನ ಪ್ರಶ್ನೆ. ಪ್ರವಾಸಿಗರ ತಲೆ ಎಣಿಸುವುದು, ಒಬ್ಬೊಬ್ಬರ ಖರ್ಚು ಕೇಳುವುದು, ಎರಡನ್ನೂ ಗುಣಿಸುವುದು. ಇಷ್ಟೇ ಅಲ್ವಾ ಅಂದುಕೊಂಡಿದ್ದೆ.

ತಲೆ ಎಣಿಸುವುದರಲ್ಲೇ ಎಡವಿದೆ. ಪುರಾತತ್ವ ಇಲಾಖೆಯ ಟಿಕೆಟ್ ಬೇಕಾಗುವುದು ವಿಜಯವಿಠ್ಠಲ ದೇವಸ್ಥಾನ, ಕಮಲ ಮಹಲಿನಂಥ ಕಡೆ. ಹೊಳೆಯಲ್ಲಿ ಮಿಂದು, ವಿರೂಪಾಕ್ಷನಿಗೆ ಕಾಯಿ ಒಡೆಸಿ ಊರಿಗೆ ಹೋಗುವವರು ಆ ಲೆಕ್ಕಕ್ಕೇ ಬರುವುದಿಲ್ಲ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತದ್ದನ್ನು ನೋಡಿದವರಿಗೆ ಇದೆಷ್ಟು ದೊಡ್ಡ ತೂತು ಅಂತ ಗೊತ್ತಾಗುತ್ತೆ. ಆಚೆ ದಡದಲ್ಲಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಹನುಮಪ್ಪನ ದರ್ಶನ ಮಾಡಿ ಹಾಗೇ ಹೊರಡುವವರದೂ ಇದೇ ಕಥೆ.

ಇನ್ನು ಪ್ರಶ್ನೆಪಟ್ಟಿ. ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡ ಮಾಡಿದ್ದೆ. ‘ನಿಮ್ಮ ತಲಾ ದಿನವಹಿ ಸರಾಸರಿ ವೆಚ್ಚ ಎಷ್ಟು?’ ಅಂತ ಕಲ್ಲಿನ ರಥದ ಮುಂದೆ ಸುಡುಬಿಸಿಲಲ್ಲಿ ನಿಂತು ಕೇಳಿದರೆ ಯಾರು ಹೇಳ್ತಾರೆ? ಒಬ್ಬರು ಇಡೀ ಸಂಸಾರದ ಖರ್ಚು ಹೇಳಿದರು. ಪಕ್ಕದಲ್ಲಿದ್ದ ಹೆಂಡತಿ, ‘ಅದು ಬರೀ ಪೆಟ್ರೋಲಿಗಾಯ್ತು’ ಅಂದರು. ಆ ಕಟ್ಟು ಫಾರಂಗಳನ್ನೆಲ್ಲ ಎತ್ತಿಟ್ಟೆ. ಈಗಲೂ ಮನೆಯಲ್ಲಿ ಅದರ ಹಿಂಬದಿ ದಿನಸಿ ಚೀಟಿ ಬರೆಯುತ್ತೇವೆ.

ಆಮೇಲೆ ಜಾಗ ಬದಲಿಸಿದೆ. ರಾತ್ರಿ ಹೊಸಪೇಟೆ ಸ್ಟೇಷನ್ನಿನಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಕಾಯುವವರನ್ನು ಹಿಡಿದೆ. ಅವರಿಗೆ ಪುರುಸೊತ್ತು ಇರುತ್ತೆ, ಪ್ರವಾಸ ಮುಗಿದಿರುತ್ತೆ, ಖರ್ಚು ಇನ್ನೂ ನೆನಪಿರುತ್ತೆ. ‘ಎಷ್ಟು ಜನ ಬಂದಿದ್ರಿ? ನಿನ್ನೆ ಎಲ್ಲಿ ಮಲಗಿದ್ರಿ? ಬೆಳಿಗ್ಗೆ ತಿಂಡಿ ಎಲ್ಲಿ?’ ಅಂತ ಒಂದೊಂದೇ ಕೇಳುತ್ತಾ ಹೋದರೆ ಲೆಕ್ಕ ತಾನಾಗೇ ಬಿಚ್ಚಿಕೊಳ್ಳುತ್ತೆ. ಖುಷಿಯಲ್ಲಿ ನನ್ನ ಪಿಎಚ್‌ಡಿ ಗೈಡ್‌ಗೆ ತೋರಿಸಿದೆ. ‘ರೈಲಲ್ಲಿ ಬಂದವರೇ ಪ್ರವಾಸಿಗರೇನಮ್ಮ? ಕಾರಿನವರು ಎಲ್ಲಿ?’ ಅಂದರು. ಮತ್ತೆ ಗೆಜ್ಜಲ ಮಂಟಪದ ಪಾರ್ಕಿಂಗಿಗೆ ಓಡಿದೆ. (ಹಂಪಿಯಲ್ಲಿ ‘ನಮ್ಮ ಗೈಡ್ ಕಳಿಸಿದ್ದಾರೆ’ ಅಂದರೆ ಯಾವ ಗೈಡು, ಎಷ್ಟು ತಗೊಂಡ ಅಂತ ಕೇಳುತ್ತಾರೆ.)

ಕಷ್ಟ ಶುರುವಾದದ್ದು ಅಂಗಡಿಗಳಲ್ಲಿ. ‘ಸರ್ವೆ’ ಅಂದ ತಕ್ಷಣ ಮುಖ ಬಿಗಿಯುತ್ತಿತ್ತು. ಒಬ್ಬರು ನೇರ ಹೇಳಿದರು: ‘ಹಿಂದೊಮ್ಮೆ ಹಿಂಗ ಸರ್ವೆ ಮಾಡಾಕ ಬಂದಿದ್ರು ಮೇಡಂ. ಆಮ್ಯಾಲೆ ಅಂಗಡೀನ ಹೋತು.’ 2011ರಲ್ಲಿ ಹಂಪಿ ಬಜಾರಿನ ಮಂಟಪಗಳಿಂದ ಜನರನ್ನು ಎಬ್ಬಿಸಿದ್ದು ಅಲ್ಲಿ ಯಾರೂ ಮರೆತಿಲ್ಲ. 2020ರ ಮಾರ್ಚಿನಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೇ, ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳೂ ನೆಲಸಮವಾದವು. ನನ್ನ ಪಟ್ಟಿಯಲ್ಲಿದ್ದ ಗೆಸ್ಟ್‌ಹೌಸುಗಳ ಒಂದು ಪುಟವೇ ಅದರ ಜೊತೆ ಹೋಯಿತು. ಹಿಂದೆಯೇ ಕೊರೊನಾ.

ಮರಳಿ ಹೋದಾಗ ‘ಸರ್ವೆ’ ಅನ್ನುವ ಪದ ಬಿಟ್ಟೆ. ಆದಾಯ ಎಷ್ಟು ಅಂತಲೂ ಕೇಳಲಿಲ್ಲ. ಯಾರ್ರೀ ಹೇಳ್ತಾರೆ ಅದನ್ನ? ಬದಲಿಗೆ ಮಾಲಿನ ಲೆಕ್ಕ ಕೇಳಿದೆ. ಭಾನುವಾರ ಎಷ್ಟು ಎಳನೀರು ಕೊಚ್ಚುತ್ತೀರಿ, ಮಂಗಳವಾರ ಎಷ್ಟು, ಕಾಯಿ ಯಾರು ತಂದುಹಾಕುತ್ತಾರೆ, ಅವರಿಗೆ ಎಷ್ಟು ಕೊಡುತ್ತೀರಿ. ಇದಕ್ಕೆ ಎಲ್ಲರೂ ಬಾಯಿಬಿಟ್ಟರು. ಕೆಲವರಂತೂ ನನ್ನನ್ನು ಕೂರಿಸಿಕೊಂಡು ಚಹಾ ಕೊಟ್ಟು ಹೇಳಿದರು.

ವಿರೂಪಾಕ್ಷ ಗುಡಿಯ ಹತ್ತಿರ ಬಾಳೆಹಣ್ಣು ಮಾರುತ್ತಿದ್ದ ಅಜ್ಜಿಯಿಂದ ನಾನು ಕಲಿತದ್ದು ಜಾಸ್ತಿ. ಗುಡಿಯ ಆನೆ ಲಕ್ಷ್ಮಿಗೆ ಕೊಡಲು ಆಗ ಜನ ಹಣ್ಣು ಕೊಳ್ಳುತ್ತಿದ್ದರು. ಆ ಹಣ್ಣು ಬರುತ್ತಿದ್ದುದು ಅಲ್ಲೇ ಸುತ್ತಲಿನ ತೋಟದಿಂದ. ವಿಜಯನಗರದ ಕಾಲದಲ್ಲಿ ತೋಡಿದ ‘ತುರ್ತು’ ಅನ್ನುವ ಹೆಸರಿನ ಕಾಲುವೆ ಇವತ್ತಿಗೂ ಆ ಬಾಳೆಗೆ ನೀರು ಉಣಿಸುತ್ತೆ. ಗೊನೆ ಕಡಿದವನ ಕೂಲಿ, ತಂದ ಆಟೋದ ಬಾಡಿಗೆ, ಅಜ್ಜಿಯ ಲಾಭ ಎಲ್ಲ ಇಲ್ಲೇ ಉಳಿಯಿತು. ಹೊರಗೆ ಹೋದದ್ದು ಆಟೋದ ಇಂಧನದ ದುಡ್ಡು ಮಾತ್ರ. ಅಜ್ಜಿಯ ಪಕ್ಕದಲ್ಲೇ ಪುಟಾಣಿ ಕಲ್ಲಿನ ರಥ ಮಾರುವ ಹುಡುಗ. ನೋಡಿದರೆ ಅಪ್ಪಟ ಹಂಪಿಯ ಮಾಲು. ತಿರುಗಿಸಿ ನೋಡಿದೆ, ಅಚ್ಚಿನಲ್ಲಿ ಎರಕ ಹೊಯ್ದದ್ದು. ‘ಹೊರಗಿಂದ ಡಬ್ಬಿ ಡಬ್ಬಿ ಬರ್ತಾವ್ರಿ’ ಅಂದ. ಮಾರಿದ ದುಡ್ಡಿನಲ್ಲಿ ಮುಕ್ಕಾಲು ಪಾಲು ಮತ್ತೆ ಹೊರಗೇ ಹೋಗುತ್ತೆ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಸೋರಿಕೆ ಅಂತಾರೆ. ಲೆಕ್ಕ ಸರಳ. ಪ್ರವಾಸಿ ಕೊಟ್ಟ 100 ರೂಪಾಯಿಯಲ್ಲಿ 40 ಊರಲ್ಲೇ ಮತ್ತೆ ಖರ್ಚಾಯಿತು ಅಂತಿಟ್ಟುಕೊಳ್ಳಿ. ಆ 40ರಲ್ಲಿ ಮತ್ತೆ ನೂರಕ್ಕೆ 40ರಂತೆ 16, ಆ 16ರಲ್ಲಿ 6 ಚಿಲ್ಲರೆ, ಹೀಗೆ ಸುತ್ತಿ ಒಟ್ಟು ಸುಮಾರು 167 ರೂಪಾಯಿ ವ್ಯವಹಾರ. ಊರಲ್ಲಿ ಮರುಖರ್ಚಾಗುವುದು 20 ಮಾತ್ರ ಆದರೆ ಒಟ್ಟು 125ಕ್ಕೇ ನಿಂತುಹೋಗುತ್ತೆ. ಎಷ್ಟು ಜನ ಬಂದರು ಅನ್ನುವುದಕ್ಕಿಂತ ಅವರು ಏನು ಕೊಂಡರು ಅನ್ನುವುದು ಎಷ್ಟು ಮುಖ್ಯ ಅಂತ ನನಗೆ ಹೊಳೆದದ್ದು ಆ ಎರಡು ಅಂಗಡಿಗಳ ನಡುವೆ ಕೂತಾಗ.

ಆದರೆ ‘ಊರು’ ಅಂದರೆ ಎಲ್ಲಿಯವರೆಗೆ? ಇದೇ ನನ್ನನ್ನು ಜಾಸ್ತಿ ಕಾಡಿದ್ದು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ನನ್ನ ಪ್ರಬಂಧದ ಹೆಸರೂ ಬದಲಾಯಿತು. ಪ್ರವಾಸಿಗೆ ಅದೆಲ್ಲ ಯಾಕೆ ಬೇಕು? ಸಾಣಾಪುರದ ಹೋಂಸ್ಟೇಯಲ್ಲಿ ಮಲಗುತ್ತಾನೆ, ಅದು ಕೊಪ್ಪಳ ಜಿಲ್ಲೆ. ಬೆಳಿಗ್ಗೆ ಹೊಳೆ ದಾಟಿ ಹಂಪಿ ನೋಡುತ್ತಾನೆ. ನನ್ನ ಮೊದಲ ಟೇಬಲ್ಲಿನಲ್ಲಿ ಅವನ ಕೋಣೆ ಬಾಡಿಗೆ ಪೂರ್ತಿ ‘ಸೋರಿಕೆ’ ಅಂತ ಬಿದ್ದಿತ್ತು! ಅದೇ ಹೋಂಸ್ಟೇಯ ಕೆಲಸದಾಕೆ ಸಂಬಳದಲ್ಲಿ ಮಗಳಿಗೆ ಬಟ್ಟೆ ಕೊಳ್ಳುವುದು ಹೊಸಪೇಟೆಯಲ್ಲಿ. ಕೊನೆಗೆ ಜಿಲ್ಲೆಯ ಗೆರೆ ಬಿಟ್ಟು, ಹೊಸಪೇಟೆ, ಕಮಲಾಪುರ, ಹಂಪಿ, ಆನೆಗೊಂದಿ, ಗಂಗಾವತಿ ಎಲ್ಲ ಸೇರಿಸಿ ಒಂದೇ ಪ್ರದೇಶ ಅಂತ ಎಣಿಸಿದೆ. ಸರ್ಕಾರಿ ಅಂಕಿ-ಅಂಶ ಸಿಗುವುದು ಜಿಲ್ಲೆವಾರು, ಹಾಗಾಗಿ ಆರು ತಿಂಗಳ ಕೆಲಸ ಹೆಚ್ಚಾಯಿತು.

ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ (ವೈವಾ) ಪರೀಕ್ಷಕರು ಅದನ್ನೇ ಹಿಡಿದರು: ಎರಡು ಜಿಲ್ಲೆ ಬೆರೆಸಲು ಆಧಾರ ಏನು? ನಾನು ಹರಿಗೋಲಿನವರ ಒಂದು ದಿನದ ಲೆಕ್ಕ ತೋರಿಸಿದೆ. ಬೆಳಿಗ್ಗೆ ಆ ದಡದಿಂದ ಎಷ್ಟು ಜನ, ಸಂಜೆ ಈ ದಡದಿಂದ ಎಷ್ಟು ಜನ ಅಂತ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದ್ದು. ಪುಟದ ಮೂಲೆ ನೀರು ಬಿದ್ದು ಅಳಿಸಿಹೋಗಿತ್ತು. ಅವರು ಅದನ್ನು ಸ್ವಲ್ಪ ಹೊತ್ತು ತಿರುವಿ ನೋಡಿ ಮುಂದಿನ ಪ್ರಶ್ನೆಗೆ ಹೋದರು.